ಏವಿಸ್ ಮನೆಯ ಹೊಸ ವಾಲ್ವುಗಳು

ತೀರಿಕೊಂಡ ಗಂಡ ರೆಜ್ ಸಂಜೆಯಾದರೆ ಬಂದು ಮುಂದಿನ ಕೋಣೆಯ ಕುರ್ಚಿಯಲ್ಲಿ ಕೂರುತ್ತಾನೆ ಎಂದು ಏವಿಸ್ ಹೇಳತೊಡಗಿದ ಮೇಲೆ ಅವಳ ತಮ್ಮ ಸಿರಿಲ್ ಟಿಬೆಟ್ಸ್ ಆ ಮನೆಗೆ ಹೋಗುವುದನ್ನು ಕಡಿಮೆ ಮಾಡಿದ್ದ. ಹೆದರಿ ಅಲ್ಲ. ಟಿಪ್ಟನ್ ಊರಿನ ಬಸ್ ಡಿಪೋದಲ್ಲಿ ಎಂಜಿನ್ ಬಿಚ್ಚಿ ಜೋಡಿಸುತ್ತಲೇ ನಿವೃತ್ತನಾದವನು, ಸತ್ತವರು ಸತ್ತರು ಎನ್ನುವ ಪೈಕಿ. ಅಕ್ಕನ ಬುದ್ಧಿ ಸಡಿಲವಾಗುತ್ತಿರುವುದನ್ನು ಕಣ್ಣಾರೆ ನೋಡುವುದು ಅವನಿಗೆ ಬೇಡವಾಗಿತ್ತು. ಅವಳನ್ನು ವೃದ್ಧಾಶ್ರಮಕ್ಕೆ ಸೇರಿಸುವ ಮಾತನ್ನು ಹೆಂಡತಿ ಉನಾ ಆಗಲೇ ಎತ್ತಿದ್ದಳು. ಅವನು ಹೂಂ ಎಂದಿರಲಿಲ್ಲ, ಉಹೂಂ ಎಂದೂ ಇರಲಿಲ್ಲ.

ಜನವರಿಯಲ್ಲಿ ಏವಿಸ್ ಫೋನ್ ಮಾಡಿ, ಕೋಣೆ ಬೆಚ್ಚಗಿಡುವ ಬಿಸಿನೀರಿನ ರೇಡಿಯೇಟರುಗಳಲ್ಲಿ ಒಂದೂ ಸರಿಯಾಗಿ ಬಿಸಿಯಾಗುತ್ತಿಲ್ಲ, ಹಾಸಿಗೆಯಲ್ಲಿ ಕೋಟು ಹಾಕಿಕೊಂಡು ಮಲಗುತ್ತಿದ್ದೇನೆ ಎಂದಾಗ ಅವನಿಗೆ ನಾಚಿಕೆಯಾಯಿತು. ಅವುಗಳಿಗೆ ನೀರು ಬಿಡುವ ವಾಲ್ವುಗಳು ಕಟ್ಟಿಕೊಂಡಿರಬೇಕೆಂದು ಊಹಿಸಿ ಹೊಸವನ್ನು ಕೊಂಡು, ಶನಿವಾರ ಬೆಳಿಗ್ಗೆ ಹತಾರದ ಚೀಲ ಹಿಡಿದು ಹೋದ.

ಅಕ್ಕನ ಬೆಕ್ಕು ಕಿಟಕಿಯ ಹೊರಗಟ್ಟೆಯ ಮೇಲೆ ಮುದುಡಿ ಕೂತಿತ್ತು. ಅದರ ಬೆನ್ನಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು.

“ಇದನ್ನ ಯಾಕೆ ಹೊರಗೆ ಹಾಕಿದೀಯ?”

“ನಾನೆಲ್ಲಿ ಹಾಕ್ದೆ? ಬಾ ಅಂದ್ರೂ ಒಳಗೆ ಬರಲ್ಲ. ರೆಜ್‌ನ ಕಂಡ್ರೆ ಅದಕ್ಕೆ ಮೊದ್ಲಿಂದ್ಲೂ ಆಗ್ತಿರ್ಲಿಲ್ಲ,” ಎಂದಳು ಏವಿಸ್. ಕೆನ್ನೆ ಕೆಂಪಾಗಿತ್ತು, ಒಂದು ಕೈ ಹಣೆಯ ಮೇಲಿತ್ತು. ತಲೆನೋವು ಬಿಟ್ಟೇ ಇಲ್ಲವಂತೆ. ಸಿರಿಲ್ ಚೀಲ ಎತ್ತಿಕೊಂಡು ಒಳಗೆ ಹೋದ.

ಆ ಬಡಾವಣೆಯ ಮನೆಗಳೆಲ್ಲ ಒಂದೇ ಅಚ್ಚು. ಮುಂದಿನ ಕೋಣೆಯಲ್ಲಿ ಚಿಮಣಿಯಡಿ ಚಳಿ ಕಾಯಿಸುವ ಗ್ಯಾಸ್ ಒಲೆ, ಅದರ ಬೆನ್ನಿಗೆ ನೀರು ಕಾಯಿಸುವ ಬಾಯ್ಲರ್. ಅಲ್ಲಿಂದ ಮಹಡಿಯ ಹಲಗೆಗಳ ಕೆಳಗೆ ಪೆನ್ಸಿಲ್ ದಪ್ಪದ ತಾಮ್ರದ ಕೊಳವೆಗಳು ಕೋಣೆ ಕೋಣೆಗೆ ಹರಿದಿದ್ದವು. ನೀರು ಒಳಬರುವ ಕೊಳವೆ, ಹೊರಹೋಗುವ ಕೊಳವೆ ಎರಡೂ ರೇಡಿಯೇಟರಿನ ಕಾಲಬಳಿ ಒಂದೇ ವಾಲ್ವಿಗೆ ಬಂದು ಕೂಡುತ್ತಿದ್ದವು. ವಾಲ್ವುಗಳು ತುಕ್ಕು ಹಿಡಿದು ಕಲ್ಲಾಗಿದ್ದವು. ಸಿರಿಲ್ ಬಾಯ್ಲರ್ ಆರಿಸಿ, ಹಿತ್ತಲ ಬಾಗಿಲು ತೆರೆದಿಟ್ಟು, ಮೋರಿಗೆ ಪೈಪು ಬಿಟ್ಟು ನೀರು ಇಳಿಸಿದ. ಮಸಿಯಂಥ ಕರಿ ನೀರು ಬಂತು. ಆಮೇಲೆ ಒಂದು ಸ್ಪ್ಯಾನರಿನಿಂದ ವಾಲ್ವನ್ನು ಅಲುಗದಂತೆ ಹಿಡಿದು, ಇನ್ನೊಂದರಿಂದ ನಟ್ಟು ತಿರುಗಿಸುತ್ತ ಹೋದ. ಕೈ ಸ್ವಲ್ಪ ತಪ್ಪಿದರೂ ಆ ಬಡಕಲು ಕೊಳವೆ ಮಡಚಿಕೊಂಡು ಆ ರೇಡಿಯೇಟರಿನ ಕಥೆ ಮುಗಿಯುತ್ತಿತ್ತು. ಆ ಕರಿ ನೀರಿನ ವಾಸನೆ ಹೋಗಲೆಂದು ಮಹಡಿಯ ಕಿಟಕಿಗಳನ್ನೂ ತೆರೆದ.

ಮಧ್ಯಾಹ್ನದ ಹೊತ್ತಿಗೆ ಮನೆ ಬಯಲಿನಷ್ಟೇ ಕೊರೆಯುತ್ತಿತ್ತು. ಆದರೆ ಏವಿಸ್ ಗೆಲುವಾಗಿದ್ದಳು. ಬ್ರೆಡ್ಡು ಸುಟ್ಟು ಕೊಟ್ಟು, ಮೆಟ್ಟಿಲ ಮೇಲೆ ಕೂತು ಅವನ ಕಾಲೆಳೆದಳು.

“ಬಸ್ಸು ರಿಪೇರಿ ಮಾಡಿದ ಹಾಗೆ ಮಾಡಬೇಡ ಕಣೋ. ಅವು ಅರ್ಧ ದಾರೀಲೇ ನಿಲ್ತಿದ್ವು.”

“ನೀನು ಹತ್ತಿದ್ರೆ ಯಾವ ಬಸ್ಸಾದ್ರೂ ನಿಲ್ಲುತ್ತೆ ಬಿಡು.”

ಅವಳು ನಕ್ಕಳು. ರೆಜ್‌ನ ಸುದ್ದಿಯೇ ಇಲ್ಲ, ತಲೆನೋವೂ ಇಲ್ಲ. ಬೆಕ್ಕು ಕೂಡ ತಾನಾಗಿ ಒಳಗೆ ಬಂದು ಅವಳ ಕಾಲಿಗೆ ಮೈ ಉಜ್ಜಿತು. ಜೊತೆಗೆ ಯಾರಾದರೂ ಇದ್ದರೆ ಸಾಕು ಇವಳಿಗೆ ಎಂದುಕೊಂಡ ಸಿರಿಲ್.

ಸಂಜೆ ಕವಿಯುವಾಗ ಕೊನೆಯ ವಾಲ್ವು ಕೂತಿತು. ನೀರು ತುಂಬಿ, ಕೊಳವೆಗಳಲ್ಲಿ ಸಿಕ್ಕಿದ ಗಾಳಿ ಹೊರಬಿಟ್ಟು, ಬಾಯ್ಲರ್ ಹೊತ್ತಿಸಿದ. ಒಂದೊಂದೇ ರೇಡಿಯೇಟರು ಟಿಕ್ಕೆಂದು ಸದ್ದು ಮಾಡುತ್ತ ಬಿಸಿಯಾಯಿತು. ಏವಿಸ್ ಕೆಳಗಿನವನ್ನೆಲ್ಲ ಮುಟ್ಟಿ ನೋಡಿ ಬಂದು ಹಿತ್ತಲ ಬಾಗಿಲು ಹಾಕಿದಳು. ಮುಂದಿನ ಕೋಣೆಯ ಗೋಡೆಯಲ್ಲಿದ್ದ ಗಾಳಿಕಿಂಡಿಗೆ ಅವಳು ಚಳಿ ತಡೆಯಲು ರೆಜ್‌ನ ಹಳೇ ಉಣ್ಣೆ ಅಂಗಿ ತುರುಕಿದ್ದಳು. ಅದರ ತೋಳು ಈಚೆ ಜಾರಿತ್ತು. ಇಷ್ಟು ಕಷ್ಟಪಟ್ಟು ಬರಿಸಿದ ಬಿಸಿ ಹೊರಗೆ ಹೋಗಬಾರದೆಂದು ಸಿರಿಲ್ ಅದನ್ನು ಬೆರಳಿನಿಂದ ಒತ್ತಿ ಒಳಗೆ ತಳ್ಳಿದ.

ಚಹಾ ಹಿಡಿದು ಕೂತರು. ಬೆಕ್ಕು ಬಾಗಿಲು ಕೆರೆಯತೊಡಗಿತು. ಏವಿಸ್ ಎದ್ದು ಹೊರಗೆ ಬಿಟ್ಟು ಬಂದಳು.

ಎಷ್ಟು ಹೊತ್ತಾಯಿತೋ, ಅವನಿಗೆ ಅಂದಾಜಿಲ್ಲ. ದಿನವಿಡೀ ಮಂಡಿಯೂರಿದ ಆಯಾಸ ಎಂದುಕೊಂಡ. ಕಾಲುಗಳಲ್ಲಿ ಸೀಸ ಹೊಯ್ದಂತಿತ್ತು, ಕಣ್ಣಿನ ಹಿಂದೆ ಏನೋ ಬಡಿಯುತ್ತಿತ್ತು. ಏವಿಸ್ ಖಾಲಿ ಕುರ್ಚಿಯ ಕಡೆ ತಿರುಗಿ ಮೆಲ್ಲಗೆ ಮಾತಾಡುತ್ತಿದ್ದಳು.

“ಸಿರಿಲ್ ಬಂದಿದಾನೆ ನೋಡ್ರೀ. ಮನೆ ಎಷ್ಟು ಬೆಚ್ಚಗೆ ಮಾಡಿದಾನೆ.”

ಕುರ್ಚಿಯಲ್ಲಿ ಯಾರೋ ಕೆಮ್ಮಿದರು. ರೆಜ್‌ನ ಕೆಮ್ಮೇ ಅದು. ಸಿರಿಲ್‌ಗೆ ಭಯವಾಗಲಿಲ್ಲ, ಎದ್ದು ಹೋಗಬೇಕು ಅನ್ನಿಸಲೂ ಇಲ್ಲ. ಏವಿಸ್‌ಳ ಮಾತು ನಿಂತಿತು. ಅವಳ ಕೈಯಿಂದ ಲೋಟ ನೆಲದ ಜಮಖಾನದ ಮೇಲೆ ಉರುಳಿತು. ಅದನ್ನೂ ಅವನು ನೋಡುತ್ತಲೇ ಕೂತಿದ್ದ.

ಆಗ ಅವನ ಮುಂಗೈ ಮೇಲೆ ಒಂದು ಹನಿ ಬಿತ್ತು. ಕರಿಹನಿ. ಮತ್ತೊಂದು ಬಿತ್ತು. ಮೇಲೆ ಯಾವುದೋ ಜೋಡಣೆ ಒಸರುತ್ತಿತ್ತು. ಅಕ್ಕನ ಲೋಟ ಬಿದ್ದರೂ ಏಳದವನನ್ನು ತನ್ನ ಕೆಲಸ ಕೆಟ್ಟಿತೆಂಬ ಸಿಟ್ಟು ಎಬ್ಬಿಸಿತು. ಗೋಡೆ ಹಿಡಿದು, ಆಮೇಲೆ ನಾಲ್ಕೂ ಕೈಕಾಲು ಊರಿ ಮೆಟ್ಟಿಲು ಹತ್ತಿದ. ಹಿಂದಿನ ಮಲಗುವ ಕೋಣೆಯ ಕಿಟಕಿ ಮುಚ್ಚಲು ಮರೆತಿದ್ದ. ಹಿಮಗಾಳಿ ಮುಖಕ್ಕೆ ಬಡಿಯಿತು. ಕಿಟಕಿಯಾಚೆ ತಲೆ ಚಾಚಿ ವಾಂತಿ ಮಾಡಿಕೊಂಡ. ಒಂದೊಂದೇ ಉಸಿರಿಗೆ ತಲೆ ತಿಳಿಯಾಯಿತು. ಕೆಳಗೆ ಹಿತ್ತಲಲ್ಲಿ ಬೆಕ್ಕು ಅವನನ್ನೇ ನೋಡುತ್ತ ಕೂತಿತ್ತು.

ಬಾಯ್ಲರ್ ಆರಿದ್ದಾಗ ಅದು ಒಳಗೆ ಬಂದಿತ್ತು. ಬಾಯ್ಲರ್ ಆರಿದ್ದಾಗ ಏವಿಸ್ ನೆಟ್ಟಗಿದ್ದಳು.

ಉಸಿರು ಬಿಗಿಹಿಡಿದು ಕೆಳಗಿಳಿದ. ಗ್ಯಾಸ್ ನಿಲ್ಲಿಸಿ, ಬಾಗಿಲು ತೆರೆದು, ಅಕ್ಕನ ಕಂಕುಳಿಗೆ ಕೈಹಾಕಿ ಅಂಗಳದವರೆಗೆ ಎಳೆದ. ಆಮೇಲೆ ಪಕ್ಕದ ಮನೆಯವರು ಓಡಿಬಂದದ್ದು, ಆಂಬುಲೆನ್ಸಿನ ನೀಲಿ ದೀಪ ಇಷ್ಟೇ ನೆನಪು.

ಮರುದಿನ ಗ್ಯಾಸ್ ಕಂಪನಿಯವನು ಬಂದು ಚಿಮಣಿಯಿಂದ ಕಾಗೆಗೂಡಿನ ಕಡ್ಡಿಗಳನ್ನು ಬಕೆಟ್ಟುಗಟ್ಟಲೆ ತೆಗೆದ. “ಹೊಗೆ ಮೇಲೆ ಹೋಗೋಕೆ ದಾರಿ ಇಲ್ಲ, ಗಾಳಿ ಒಳಗೆ ಬರೋಕೂ ಇಲ್ಲ. ವಾಸನೆ ಇಲ್ಲದ ವಿಷ ಸಾರ್ ಇದು. ತಲೆ ನೋಯುತ್ತೆ, ಇಲ್ಲದ್ದು ಕಾಣುತ್ತೆ, ಕೇಳುತ್ತೆ,” ಎಂದ. “ಹಳೇ ವಾಲ್ವು ಕಟ್ಕೊಂಡು ನೀರು ಹರೀದೆ, ಬಾಯ್ಲರ್ ಹೊತ್ತಿಕೊಂಡ ತಕ್ಷಣ ಆರ್ತಾ ಇತ್ತು. ಅದಕ್ಕೇ ಇಷ್ಟು ದಿನ ಉಳ್ಕೊಂಡ್ರು. ನೆನ್ನೆ ಎಲ್ಲಾ ರೇಡಿಯೇಟರಿಗೂ ನೀರು ಹರೀತು ನೋಡಿ, ಬಿಡುವಿಲ್ದೆ ಉರೀತು.”

ಸಿರಿಲ್ ತನ್ನ ಬೆರಳುಗಳನ್ನು ನೋಡಿಕೊಂಡ.

ಆಸ್ಪತ್ರೆಯಲ್ಲಿ ಏವಿಸ್ ಮೂಗಿನ ಮೇಲಿನ ಆಮ್ಲಜನಕದ ಮುಖವಾಡ ಸರಿಸಿ ಕೇಳಿದಳು, “ನಂಗೆ ಹುಚ್ಚು ಅಂದ್ಕೊಂಡಿದ್ದೆ ಅಲ್ವೇನೋ?”

“ಹೂಂ.”

“ಉನಾ?”

“ಅವಳೂನೂ.”

ಏವಿಸ್ ಅವನ ಕಡೆ ಹೊರಳಿದಳು. “ನೀನೂ ಕೇಳಿಸ್ಕೊಂಡೆ ಅಲ್ವಾ, ಅವರು ಕೆಮ್ಮಿದ್ದು?”

ಸಿರಿಲ್ ಮುಖವಾಡವನ್ನು ಮತ್ತೆ ಅವಳ ಮೂಗಿಗೆ ಕೂರಿಸಿ, ಉಸಿರಾಡು ಎಂದ. ಆ ಚಳಿಗಾಲ ಮುಗಿಯುವವರೆಗೆ ಅವಳು ಅವನ ಮನೆಯಲ್ಲೇ ಇದ್ದಳು. ಸಿರಿಲ್ ಮಾತ್ರ ರಾತ್ರಿ ಎಷ್ಟೇ ಕೊರೆದರೂ ತನ್ನ ಕೋಣೆಯ ಕಿಟಕಿಯನ್ನು ಒಂದು ಬೆರಳಷ್ಟು ತೆರೆದೇ ಮಲಗುತ್ತಿದ್ದ.