ಹಾಲಿನ ಮಗಳು

ಬೆಚ್ಚಗಿನ ಮನೆಯಲ್ಲಿ ಹೆತ್ತವರ ಮಡಿಲಲ್ಲೇ ಬೆಳೆದ ನೀವು, "ಆಕೆ ಅಧಿಕಾರಿಯ ಮುಂದೆ ಸುಳ್ಳು ಹೇಳಬಾರದಾಗಿತ್ತು" ಎಂದು ಇಷ್ಟು ಸಲೀಸಾಗಿ ತೀರ್ಪು ಕೊಡುತ್ತೀರಲ್ಲ, ಆ ಅಧಿಕಾರವನ್ನು ನಿಮಗೆ ಕೊಟ್ಟವರು ಯಾರು?

"ಹುಡುಗನಿಗೆ ಒಪ್ಪಿಗೆ ಸಿಕ್ಕಿದೆ," ಎಂದಳು ವಕೀಲೆ ಮಾರ್ಯುತ್. "ಹುಡುಗಿಗೆ ಇಲ್ಲ."

ದುಭಾಷಿಯಾಗಿದ್ದ ಸಗಲ್ ಅದನ್ನು ಸೊಮಾಲಿಯಲ್ಲಿ ಹೇಳಿದಳು. ಫಿನ್‌ಲೆಂಡಿನ ತಾಂಪೆರೆ ನಗರದ ಹೆರ್ವಂತಾ ಬಡಾವಣೆಯ ಆ ಕಟ್ಟಡದ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಕೋಣೆಗೆ ಅಂಟಿಕೊಂಡ ಕೊಠಡಿಯಲ್ಲಿ, ಪ್ರತಿ ಶನಿವಾರ ಸೇರುವ ಸೊಮಾಲಿ ಹೆಂಗಸರು ಒಮ್ಮೆಗೇ ಮಾತು ನಿಲ್ಲಿಸಿದರು. ಅಲ್ಲಿಯವರೆಗೆ ನಗೆ ಜೋರಾಗಿಯೇ ನಡೆದಿತ್ತು. ಫಿನ್‌ಲೆಂಡಿನಲ್ಲೇ ಓದಿ ಬೆಳೆದ ಸಗಲ್‌ಳನ್ನು ಹಿರಿಯಳಾದ ಏಬ್ಲಾ, "ನಿನ್ನ ಸೊಮಾಲಿ ಫ್ರಿಜ್ಜಿಂದ ಈಗ ತಾನೇ ತೆಗೆದ ಹಾಗಿದೆ ಕಣೇ, ಸ್ವಲ್ಪ ಬಿಸಿ ಮಾಡ್ಕೊಂಡು ಬಾ" ಎಂದು ಕಿಚಾಯಿಸುತ್ತ, ಕಾವಲಿಯ ಮೇಲೆ ದೋಸೆಯಂಥ ಅಂಜೇರೊ ಹುಯ್ಯುತ್ತಿದ್ದಳು. ಈಗ ಕಾವಲಿಯ ಮೇಲಿನದು ಸೀದು ವಾಸನೆ ಬಂದರೂ ಯಾರೂ ತಿರುಗಿ ನೋಡಲಿಲ್ಲ. ಎಲ್ಲರೂ ಇದಿಲ್‌ಳನ್ನೇ ನೋಡುತ್ತಿದ್ದರು.

ನೈರೋಬಿಯಲ್ಲಿ ನೆರೆಯ ಮುದುಕಿಯೊಬ್ಬಳ ಬಳಿ ಬಿಟ್ಟು ಬಂದ ಮಕ್ಕಳಿಬ್ಬರನ್ನು, ಮಗ ಲಿಬಾನ್ ಮತ್ತು ಮಗಳು ಉಬಾಹ್‌ರನ್ನು, ಕರೆಸಿಕೊಳ್ಳಲು ಆಕೆ ವರ್ಷಗಳಿಂದ ಕಾಯುತ್ತಿದ್ದಳು.

"ಡಿಎನ್‌ಎ ಪರೀಕ್ಷೆ ಪ್ರಕಾರ ಉಬಾಹ್ ನೀವು ಹೆತ್ತ ಮಗಳಲ್ಲ," ಎಂದಳು ಮಾರ್ಯುತ್. "ನಿಮ್ಮ ಅಕ್ಕನ ಮಗಳಿರಬಹುದು ಅಂತಿದೆ. ಹೌದಾ?"

"ಅವಳು ನನ್ನ ಮಗಳು," ಎಂದಳು ಇದಿಲ್. "ನನ್ನ ಹಾಲು ಕುಡಿದವಳು."

"ನೀವೇ ಹೆತ್ತಿರಾ ಅಂತ ಅಧಿಕಾರಿ ಕೇಳಿದಾಗ ಹೌದು ಅಂದಿದ್ದೀರಿ."

"ಮತ್ತಿನ್ನೇನು ಅನ್ನಲಿ? ತಾಯಿ ಸತ್ತ ಕೂಸು ಅಂತ ಪರವೂರಿನ ಗಂಡಸಿನ ಮುಂದೆ ಸಾರಲಾ?"

ಅಕ್ಕ ರಾಹೊ ಹೆರಿಗೆಯ ರಕ್ತಸ್ರಾವದಲ್ಲಿ ತೀರಿಕೊಂಡಾಗ ತಂಗಿ ಇದಿಲ್‌ಳ ಎದೆಯಲ್ಲಿ ಲಿಬಾನ್‌ಗೆಂದು ಹಾಲಿತ್ತು. ಒಂದು ಬದಿಗೆ ಅವನನ್ನೂ ಇನ್ನೊಂದು ಬದಿಗೆ ಅಕ್ಕನ ಕೂಸನ್ನೂ ಹಾಕಿಕೊಂಡು ಆಕೆ ಇಬ್ಬರನ್ನೂ ಬದುಕಿಸಿದಳು. ಆ ಜನರಲ್ಲಿ ಒಂದೇ ಎದೆಯ ಹಾಲುಂಡವರು ಒಡಹುಟ್ಟಿದವರೇ. ಅವರ ನಡುವೆ ಮದುವೆ ನಿಷಿದ್ಧ. ಹಾಲು ಕೊಟ್ಟವಳು ತಾಯಿ. ತಬ್ಬಲಿಯನ್ನು ತಬ್ಬಲಿ ಎಂದು ನಾಲ್ಕು ಜನರೆದುರು ಗುರುತಿಸುವುದು ಅದರ ಬಾಯಿಂದ ಅನ್ನ ಕಸಿದಷ್ಟೇ ಹೀನ ಕೆಲಸ. ಆದ್ದರಿಂದಲೇ ಉಬಾಹ್‌ಗೂ ಈ ವಿಷಯವನ್ನು ಇದುವರೆಗೆ ಯಾರೂ ಹೇಳಿರಲಿಲ್ಲ. ಆದ್ದರಿಂದಲೇ ಸಂದರ್ಶನಕ್ಕೆ ಮೊದಲು, ಇದೇ ಕೊಠಡಿಯಲ್ಲಿ, ಏಬ್ಲಾ ಇದಿಲ್‌ಳನ್ನು ಎದುರಿಗೆ ಕೂರಿಸಿಕೊಂಡು ಪಾಠ ಹೇಳಿದ್ದಳು: "ಕಣ್ಣಲ್ಲಿ ಕಣ್ಣಿಟ್ಟು ಮಾತಾಡು. ಮಗಳು ಅನ್ನು. ಸತ್ತವರ ಸುದ್ದಿ ಎತ್ತಬೇಡ, ಆ ಅಧಿಕಾರಿಗಳಿಗೆ ಅದೆಲ್ಲ ಅರ್ಥ ಆಗಲ್ಲ." ವೈದ್ಯರ ಮುಂದೆ ನಾಚದೆ ನೋವು ಹೇಳುವುದನ್ನೂ ಮಂಜಿನ ಮೇಲೆ ಜಾರದೆ ನಡೆಯುವುದನ್ನೂ ಅವಳೇ ಆ ಹೆಂಗಸರಿಗೆ ಕಲಿಸಿದ್ದಳು. ಅವಳ ಮಾತನ್ನು ಯಾರು ತಾನೇ ಅನುಮಾನಿಸಿಯಾರು?

"ಸಾಕುಮಗಳು ಅಂತ ಮೊದಲೇ ಹೇಳಿದ್ದರೆ ಕಾನೂನಿನಲ್ಲಿ ದಾರಿಯಿತ್ತು," ಎಂದಳು ಮಾರ್ಯುತ್.

ಏಬ್ಲಾ ಒಲೆ ಆರಿಸಿದಳು. "ದಾರಿಯಿತ್ತಾ? ಇಷ್ಟು ದಿನ ಅದನ್ನ ಯಾವ ಪೆಟ್ಟಿಗೇಲಿ ಬೀಗ ಹಾಕಿಟ್ಟಿದ್ದೆ ತಾಯಿ? ಪ್ರತಿ ಶನಿವಾರ ಬಂದು ನಮ್ಮ ಚಹಾ ಕುಡಿದು ಹೋಗ್ತಿದ್ದೆಯಲ್ಲ!"

ಸಗಲ್ ಇದನ್ನು ಮೆತ್ತಗೆ ಮಾಡದೆ ಹಾಗೆಯೇ ಫಿನ್ನಿಶ್‌ನಲ್ಲಿ ಹೇಳಿದಳು. ಮಾರ್ಯುತ್ ಮುಖ ಕೆಂಪಾಯಿತು. "ನೀವು ಕೇಳಲಿಲ್ಲ," ಎಂದಳು. "ಕೇಳಬೇಕು ಅಂತ ನನಗೂ ಹೊಳೀಲಿಲ್ಲ."

ಒಂದು ದೇಶವೇ ತನ್ನ ಸಜ್ಜನಿಕೆಯ ಬಗ್ಗೆ ಹೆಮ್ಮೆಪಡುತ್ತದೆ. ಆ ಸಜ್ಜನಿಕೆಗೆ ಒಂದು ಪ್ರಶ್ನೆ ಹೊಳೆಯದೆ ಹೋದರೆ ಒಬ್ಬ ಹುಡುಗಿಯ ಬದುಕು ಬಾಗಿಲಾಚೆಯೇ ಉಳಿದುಬಿಡುತ್ತದೆ. ತಪ್ಪಿತಸ್ಥರು ಮಾತ್ರ ಯಾರೂ ಇರುವುದಿಲ್ಲ.

ಮೇಲ್ಮನವಿ ಸಲ್ಲಿಸಬಹುದು ಎಂದಳು ಮಾರ್ಯುತ್. ಆದರೆ ಅದರಲ್ಲಿ ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಬೇಕು. ಉಬಾಹ್‌ಳನ್ನು ನೈರೋಬಿಯಲ್ಲಿ ಮತ್ತೆ ಕರೆಸುತ್ತಾರೆ, ಹೆತ್ತ ತಾಯಿಯ ಬಗ್ಗೆ ಕೇಳುತ್ತಾರೆ. "ಅಲ್ಲಿ ಯಾರೋ ಅಪರಿಚಿತರ ಬಾಯಿಂದ ಕೇಳೋದಕ್ಕಿಂತ..." ಎಂದು ಮಾತನ್ನು ಅರ್ಧಕ್ಕೇ ಬಿಟ್ಟಳು.

"ಹೇಳಿದ್ರೆ ಬರ್ತಾಳಾ?" ಎಂದಳು ಇದಿಲ್.

"ಮೊದಲು ಬೇರೆ ಹೇಳಿದವರನ್ನ ಅವರು ನಂಬೋದು ಕಷ್ಟ. ಖಂಡಿತ ಬರ್ತಾಳೆ ಅಂತ ನಾನು ಹೇಳಲಾರೆ. ಹೇಳದಿದ್ರೆ ಮಾತ್ರ ಖಂಡಿತ ಬರಲ್ಲ."

ಏಬ್ಲಾ ಬಂದು ಇದಿಲ್‌ಳ ಕಾಲ ಬಳಿ ನೆಲದ ಮೇಲೆ ಕುಳಿತಳು. ಅವಳನ್ನು ಹಾಗೆ ಯಾರೂ ಕಂಡಿರಲಿಲ್ಲ. "ಫೋನ್ ಕೊಡು, ಉಬಾಹ್ ಹತ್ರ ನಾನು ಮಾತಾಡ್ತೀನಿ. ನನ್ನ ನಾಲಗೆ ಮಾಡಿದ ಕೆಲಸ ಇದು."

"ಬೇಡ ಅತ್ತೆ. ನೀವು ಹೇಳಿದ್ರೆ ಅದು ಬರೀ ಸುದ್ದಿ ಆಗುತ್ತೆ, ನಾನೇ ಹೇಳ್ಬೇಕು."

ಇದಿಲ್ ಫೋನ್ ಹಿಡಿದು ಪಕ್ಕದ ಕೋಣೆಗೆ ಹೋದಳು. ಯಾರದೋ ಬಟ್ಟೆ ಯಂತ್ರದಲ್ಲಿ ತಿರುಗುತ್ತಿತ್ತು. ಹೆಂಗಸರು ಬಾಗಿಲ ಬಳಿ ಒತ್ತಿಕೊಂಡು ನಿಂತರು; ಮರೆಯಲ್ಲಿ ನಿಲ್ಲಬೇಕೆಂಬ ಸಂಕೋಚ ಕೂಡ ಆ ಹೊತ್ತಿಗೆ ಉಳಿದಿರಲಿಲ್ಲ.

"ಅಮ್ಮಾ!" ಎಂದಿತು ಅತ್ತಲಿನ ದನಿ. "ಲಿಬಾನ್ ನನ್ನ ಚಾರ್ಜರ್ ಕೊಡ್ತಿಲ್ಲ. ಅಲ್ಲಿಗೆ ಬಂದ್ಮೇಲೆ ನಂದೇ ಬೇರೆ ಇರಬೇಕು, ಈಗಲೇ ಹೇಳಿದೀನಿ. ಅಲ್ಲಿ ಮಂಜಿನ ಮೇಲೆ ಹುಡುಗೀರೂ ಸೈಕಲ್ ಹೊಡೀತಾರಂತೆ, ನಿಜಾನಾ?"

"ನಿಜ ಕಣಮ್ಮಾ. ಒಂದು ಮಾತು ಕೇಳು. ನನಗೊಬ್ಬಳು ಅಕ್ಕ ಇದ್ದಳು..."

ಅವಳು ಹೇಳಿದಳು. ರಾಹೊಳ ನಗುವನ್ನು ಹೇಳಿದಳು, ಅವಳ ಗಲ್ಲದ ಮಚ್ಚೆಯನ್ನು ಹೇಳಿದಳು. ಹಾಲಿನ ವಿಷಯವನ್ನು ಮತ್ತೆ ಮತ್ತೆ ಹೇಳಿದಳು, ಅದೊಂದು ಮಾತು ಹುಡುಗಿಯ ಕಿವಿಗೆ ಬಿದ್ದರೆ ಸಾಕು ಎನ್ನುವಂತೆ. ಕೊನೆಗೆ ಉಬಾಹ್ ಕೇಳಿದಳು, "ಲಿಬಾನ್ ಮಾತ್ರ ಬರ್ತಾನಾ?"

"ಈಗ ಅವನು. ಆಮೇಲೆ ನೀನು. ಅವರು ಕರೆಸಿ ಕೇಳ್ತಾರೆ, ನೀನು ಹೆದರಬೇಡ—"

"ಹೂಂ. ಸರಿ, ಚಿಕ್ಕಮ್ಮ."

ಕರೆ ಕಡಿಯಿತು. ಏಬ್ಲಾ ಗೋಡೆಗೆ ಹಣೆ ಒತ್ತಿದಳು. ಇದಿಲ್ ಮಾತ್ರ ಫೋನನ್ನು ಕಿವಿಯಿಂದ ತೆಗೆಯದೆ, ಯಂತ್ರದೊಳಗೆ ಸುತ್ತುವ ಪರರ ಬಟ್ಟೆಯನ್ನು ನೋಡುತ್ತ ನಿಂತೇ ಇದ್ದಳು.

ಚಳಿಗಾಲ ಮುಗಿಯುವ ಮುಂಚೆ ಲಿಬಾನ್ ಬಂದ. ಮನೆಯಲ್ಲಿ ಅವನು ಹೆಚ್ಚು ಮಾತಾಡುವುದಿಲ್ಲ. ತಾಯಿ ಬಡಿಸಿದ್ದನ್ನು ಅರ್ಧ ಉಳಿಸಿ ಏಳುತ್ತಾನೆ. ಮೇಲ್ಮನವಿಗೆ ಉತ್ತರ ಬಂದಿಲ್ಲ. ನೈರೋಬಿಯ ಕಚೇರಿ ಕರೆಸಿದ ದಿನ ಉಬಾಹ್ ಹೋಗಲಿಲ್ಲ; ತನ್ನನ್ನು ಕರೆಸಿಕೊಳ್ಳಲು ಅಲ್ಲಿ ತನ್ನವರು ಯಾರೂ ಇಲ್ಲವೆಂದು ಮುದುಕಿಗೆ ಹೇಳಿದಳಂತೆ. ಶನಿವಾರಗಳಂದು ಹೆಂಗಸರು ಸೇರುತ್ತಾರೆ. ಇದಿಲ್ ಕರೆ ಮಾಡುತ್ತಾಳೆ, ಅದು ರಿಂಗಾಗುತ್ತದೆ, ನಿಲ್ಲುತ್ತದೆ. ಯಾರೂ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ.

ನಿಮ್ಮವರು ವ್ಯಾಪಾರಕ್ಕೆಂದು ನೈರೋಬಿಗೆ ಹೋಗುತ್ತಾರೆ, ನೀವೂ ಹೋಗಬಹುದು. ಹೋದರೆ ಸೊಮಾಲಿಗಳು ನೆಲೆಸಿರುವ ಈಸ್ಟ್‌ಲೀಯ ಕಡೆ ಒಮ್ಮೆ ನಡೆಯಿರಿ. ಒಂಟೆ ಹಾಲು ಮಾರುವ ಹೆಂಗಸರು ಸಾಲಾಗಿ ಕೂರುವ ಓಣಿ, ಮೂಲೆಯ ಕಟ್ಟಡ, ಕೊನೆಯ ಮಹಡಿ, ಹಸಿರು ಬಾಗಿಲು. ದಯವಿಟ್ಟು ತಟ್ಟಿ. ಗಲ್ಲದ ಮೇಲೆ ಹೆತ್ತವಳ ಮಚ್ಚೆಯೇ ಇರುವ ಹುಡುಗಿ ತೆರೆಯುತ್ತಾಳೆ. ಉಪದೇಶ ಬೇಡ, ಕನಿಕರವೂ ಬೇಡ. "ನಿನ್ನ ಅಮ್ಮ ಕರೆಯುತ್ತಿದ್ದಾಳೆ, ಫೋನ್ ಎತ್ತು" ಎಂದಷ್ಟೇ ಹೇಳಿ.