ಮಗನ ಪಾಲು

ಎಡಗೈ, ಎಡಗೈ, ಬಲಗೈ, ಒಂದು ಉಸಿರಿನಷ್ಟು ಬಿಡುವು, ಮತ್ತೆ ಎಡಗೈ — ಆ ಹೊಸ ಹುಡುಗಿಯೇ ಇರಬೇಕು, ಬಲಗೈ ಬೀಸುವ ಮೊದಲು ಉಸಿರು ಕಟ್ಟುತ್ತಾಳೆ, ಕೆಳಗೆ ಮರಳಿನ ಮೂಟೆ ತೂಗುಹಾಕಿದ ಕೊಕ್ಕೆ ಸರಿಯಾಗಿ ನನ್ನ ಕುರ್ಚಿಯ ಅಡಿಗೇ ಇದೆ, ಒಂದೊಂದು ಗುದ್ದೂ ಸಿಮೆಂಟು ಹತ್ತಿಕೊಂಡು ಅಂಗಾಲಿಗೆ ಬರುತ್ತದೆ, ಅಂಗಾಲಿನಿಂದ ಮೊಣಕಾಲಿಗೆ, ಮೊಣಕಾಲಿನಿಂದ ಹೊಟ್ಟೆಯ ಮೇಲಿನ ಐದು ಗಾಯಗಳಿಗೆ, ಉಸಿರು ಬಿಟ್ಟು ಹೊಡಿಯೇ ಅಂತ ಇಲ್ಲಿಂದಲೇ ಕೂಗಬೇಕು ಅನ್ನಿಸುತ್ತದೆ, ಮೂವತ್ತು ವರ್ಷ ಆ ಬಾಕ್ಸಿಂಗ್ ಹಾಲಿನಲ್ಲಿ ಕೂಗಿದ್ದೇನೆ, ಈಗ ಕಲಿಸುವವಳು ಮಗಳು, ನಾನು ಮಹಡಿಯ ಮೇಲಿನ ಮುದುಕ, ಮಕ್ಕಳು ನನಗೆ ಇಟ್ಟ ಹೆಸರು ಗುಡ್ಡಜ್ಜ, ಗುಡ್ಡಜ್ಜ ಕರಗ್ತಾ ಇದ್ದಾರೆ ಕಣ್ರೋ, ಇನ್ನಾರು ತಿಂಗಳಿಗೆ ದಿಣ್ಣೆಯಜ್ಜ ಆಗ್ತಾರೆ ಅಂತ ಮೊನ್ನೆ ಮೆಟ್ಟಿಲ ಹತ್ತಿರ ಯಾರೋ ಅಂದರು, ನಕ್ಕೆ, ನಕ್ಕರೆ ಇನ್ನೂ ಎಡಪಕ್ಕೆಯಲ್ಲಿ ಚಾಕು ತಿರುಗಿದ ಹಾಗಾಗುತ್ತದೆ. ಮಗಳು ಬರುವುದಕ್ಕೆ ಇನ್ನು ಮುಕ್ಕಾಲು ಗಂಟೆ. ಮಧ್ಯಾಹ್ನದ ಮಕ್ಕಳನ್ನು ಕಳಿಸಿ, ಕೈಪಟ್ಟಿ ಬಿಚ್ಚಿ, ಮೇಲೆ ಬಂದು ನನ್ನ ಎದುರು ಕೂತು ಅಗಿಯುವುದನ್ನು ಎಣಿಸುತ್ತಾಳೆ, ಒಂದು ತುತ್ತಿಗೆ ಮೂವತ್ತು ಸಲ, ಮೂರು ಚಮಚಕ್ಕೆ ಅರ್ಧ ಗಂಟೆ. ಅಷ್ಟರೊಳಗೆ ಇದು ಮುಗಿಯಬೇಕು. ಇದು ಅಂದರೆ ಮೇಜಿನ ಮೇಲಿನ ದೊಡ್ಡ ತಟ್ಟೆ, ಅವನ ತಟ್ಟೆ, ಅಂಚು ನೆಗ್ಗಿದ್ದು, ಬೇಯಿಸಿದ ಆಲೂಗಡ್ಡೆ ಆರು, ಮೊಟ್ಟೆ ನಾಲ್ಕು, ಅರ್ಧ ರೊಟ್ಟಿ, ಎಲ್ಲ ನಾನೇ ಬೇಯಿಸಿದ್ದು.

ಐದು ವಾರದ ಹಿಂದೆ ನನ್ನ ಹೊಟ್ಟೆಯನ್ನು ಕತ್ತರಿಸಿ ಮುಕ್ಕಾಲು ಭಾಗ ಎಸೆದರು, ಉಳಿದದ್ದಕ್ಕೆ ಲೋಹದ ಪಿನ್ನು ಹೊಡೆದು ಬಾಳೆಕಾಯಿಯಷ್ಟು ಒಂದು ಕೊಳವೆ ಮಾಡಿದರು, ನೂರ ನಲವತ್ತೊಂದು ಕೆಜಿ ಇದ್ದೆ, ಸಕ್ಕರೆ ಕಣ್ಣಿಗೆ ಏರಿತ್ತು, ಮಂಡಿ ಬಾಯಿಬಿಟ್ಟಿತ್ತು, ಅಪ್ಪ ನೀನು ಹೀಗೇ ಇದ್ರೆ ನಿನ್ನ ಹೊರೋಕೆ ಎಂಟು ಜನ ಬೇಕು, ನನ್ನ ಹತ್ರ ಇರೋವ್ರೆಲ್ಲ ನಲವತ್ತು ಕೆಜಿ ಮಕ್ಕಳು ಅಂತ ಮಗಳು ಹೇಳಿ ಹೇಳಿ ಕರೆದುಕೊಂಡು ಹೋದಳು. ಶಸ್ತ್ರಚಿಕಿತ್ಸೆಯ ಡಾಕ್ಟರು ಬೆರಳು ಮಡಚಿ ತೋರಿಸಿದರು, ಆರು ವಾರ ಹುಷಾರು ಯಜಮಾನರೇ, ತುಂಬಿಸಿದ್ರೆ ಪಿನ್ನಿನ ಸಾಲು ಹರಿಯುತ್ತೆ, ಹರಿದ್ರೆ ಒಳಗೆಲ್ಲ ವಿಷ, ನಾನು ಕೈಗವಸು ಹಾಕೋ ಹೊತ್ತಿಗೆ ನೀವಿರೋದಿಲ್ಲ. ಮೊದಲ ವಾರ ಔಷಧಿ ಲೋಟದಲ್ಲಿ ನೀರು, ಗುಟುಕಿಗೆ ಗುಟುಕಿಗೆ ನಡುವೆ ಗಡಿಯಾರ, ಎರಡನೆಯ ವಾರ ಸೋಸಿದ ಸೂಪು, ಮೂರನೆಯ ವಾರ ಒಂದು ಚಮಚ ಮೊಟ್ಟೆಯನ್ನು ಅವಸರದಲ್ಲಿ ನುಂಗಿದೆ, ಎದೆಯ ನಡುವೆ ಯಾರೋ ಮುಷ್ಟಿ ಕಟ್ಟಿ ನಿಂತ ಹಾಗಾಯಿತು, ಬೆವರು, ಬಾಯಿ ತುಂಬ ನೊರೆ, ಬಚ್ಚಲಿನಲ್ಲಿ ಮಂಡಿಯೂರಿ ನೊರೆ ಉಗಿದೆ ಉಗಿದೆ, ಮಗಳು ಬೆನ್ನಿಗೆ ಕೈಯಿಟ್ಟು ಬಿಡಪ್ಪ, ಹೊರಗೆ ಬಿಡು ಅನ್ನುತ್ತಿದ್ದಳು. ಆದರೂ ನೋವು ನನಗೆ ದೊಡ್ಡದಲ್ಲ. ಮೂಗು ಮೂರು ಸಲ ಮುರಿದಿದೆ. ದೊಡ್ಡದು ಬೇರೆ — ತಟ್ಟೆ ಚಿಕ್ಕದಾದದ್ದು. ಹನ್ನೆರಡು ವರ್ಷ ನನ್ನ ಹೆಂಡತಿ ನನಗೆ ಇಬ್ಬರ ಊಟ ಬಡಿಸಿದಳು. ಮಗ ಹೋದ ಹನ್ನೊಂದನೆಯ ದಿನಕ್ಕೆ ಅಡುಗೆ ಹಿಂದಿನ ಅಳತೆಯಲ್ಲೇ ಮಾಡಿದ್ದಳು, ನಾಲ್ಕು ಜನರದ್ದು, ಉಳಿದ ಒಂದು ಪಾಲು ನನ್ನ ತಟ್ಟೆಗೆ ಸುರಿದಳು, ನಾನು ಉಂಡೆ, ಮರುದಿನವೂ ಸುರಿದಳು, ಉಂಡೆ, ಅವಳು ನಾಲ್ಕು ವರ್ಷದ ಹಿಂದೆ ತೀರಿಕೊಂಡ ಮೇಲೂ ನಾನೇ ಬಡಿಸಿಕೊಂಡು ಉಂಡೆ, ಜನ ತಿಂಡಿಪೋತ ಅಂದರು, ಅನ್ನಲಿ, ನಾನು ಮಗನಿಗೆ ಉಣಿಸುತ್ತಿದ್ದೆ, ಊಟಕ್ಕೆ ಮುಂಚೆ ಕಣ್ಣು ಮುಚ್ಚಿ ದೇವರೇ ಈ ತುತ್ತು ಅವನಿಗೆ ಮುಟ್ಟಲಿ ಅಂತ ಹೇಳಿಯೇ ಬಾಯಿಗಿಡುತ್ತಿದ್ದೆ. ಡಾಕ್ಟರು ಕತ್ತರಿಸಿ ಎಸೆದದ್ದು ಅವನು ಉಣ್ಣುತ್ತಿದ್ದ ಹೊಟ್ಟೆಯನ್ನು. ಇದನ್ನು ಯಾರಿಗೆ ಹೇಳುವುದು.

ಮೊದಲನೆಯ ಆಲೂಗಡ್ಡೆ. ಅಗಿಯುತ್ತಿಲ್ಲ, ಮುರಿದು ನುಂಗುತ್ತಿದ್ದೇನೆ — ಇಳಿಯಿತು, ಇಳಿದು ನಿಂತಿತು, ಮುಷ್ಟಿ ಕಟ್ಟಿಕೊಂಡಿತು, ಕಟ್ಟಿಕೊಳ್ಳಲಿ. ಪಥ್ಯ ಹೇಳುವಾಕೆಯನ್ನು ನಾವು ಚಮಚದಮ್ಮ ಅನ್ನುತ್ತೇವೆ, ಎಲ್ಲವನ್ನೂ ಚಮಚದಲ್ಲೇ ಹೇಳುತ್ತಾಳೆ, ಒಳ್ಳೆಯ ಹೆಂಗಸು, ಅವಳ ಬಾಯಿಂದಲೇ ಇದು ಬರಬೇಕಾಗಿತ್ತೇ ದೇವರೇ. ಬೆಳಿಗ್ಗೆ ಫೋನು ಮಾಡಿದಳು, ಅಜ್ಜ, ನಿನ್ನೆ ನಮ್ಮ ಆಸ್ಪತ್ರೆಯಲ್ಲಿ ತೂಕ ನೂರ ಹದಿನೈದು ಬಂತಲ್ಲ, ನಿಮ್ಮ ಪುಸ್ತಕದಲ್ಲಿ ನೂರ ಹದಿನೆಂಟು ಅಂತ ಯಾಕಿದೆ. ನಮ್ಮ ಯಂತ್ರ ಹಳೆಯದಮ್ಮ, ಮುಳ್ಳಿನದ್ದು, ಕೆಳಗೆ ಹಾಲಿನಲ್ಲಿದೆ, ಅಂದೆ. ಯಾವುದರ ಮೇಲಿಟ್ಟಿದ್ದೀರಿ. ರಬ್ಬರಿನ ಚಾಪೆ ಮೇಲೆ, ಅದು ಬಾಕ್ಸಿಂಗ್ ಹಾಲು, ನೆಲಕ್ಕೆಲ್ಲ ರಬ್ಬರೇ. ಅಯ್ಯೋ ಅಜ್ಜ, ಮೆತ್ತಗಿದ್ದದರ ಮೇಲೆ ಅದನ್ನ ಇಡಬಾರದು, ತೂಕ ಹೆಚ್ಚು ತೋರಿಸುತ್ತೆ, ಗಟ್ಟಿ ನೆಲದ ಮೇಲಿಟ್ಟು ನೋಡಿ, ಮೂರು ಕೆಜಿ ಪುಕ್ಕಟೆ ಇಳೀತೀರಿ, ಅಂತ ನಕ್ಕಳು. ನಾನೂ ನಕ್ಕೆ. ಮೆಟ್ಟಿಲಿಳಿದು ಹೋಗಿ ಯಂತ್ರವನ್ನು ಕಾಲಿನಿಂದ ತಳ್ಳಿ ಬಾಗಿಲ ಹತ್ತಿರದ ಬರಿಯ ಸಿಮೆಂಟಿಗೆ ತಂದು ನಿಂತೆ, ನೂರ ಹದಿನೈದು, ಖುಷಿಯಾಯಿತು, ಖುಷಿಯಾಯಿತು ಅನ್ನುವುದನ್ನು ಮರೆಯಬಾರದು, ಅಲ್ಲಿ ನಿಂತು ನಾನು ಹಲ್ಲು ಬಿಟ್ಟೆ, ಮೂರು ಉಸಿರಿನಷ್ಟು ಹೊತ್ತು, ಆಮೇಲೆ ಬೆನ್ನ ಮೇಲೆ ತಣ್ಣಗೆ ಏನೋ ಇಳಿಯಿತು. ಇಪ್ಪತ್ತು ಕೆಜಿಯ ಕಬ್ಬಿಣದ ಬಿಲ್ಲೆಗಳು ಗೋಡೆಗೆ ಒರಗಿದ್ದವು. ಐದು ಕೆಜಿಗಿಂತ ಹೆಚ್ಚು ಎತ್ತಬಾರದು. ಎತ್ತಿದೆ. ಒಂದು, ಎರಡು, ಮೂರು, ಗಾಯಗಳೆಲ್ಲ ಹಲ್ಲು ಕಚ್ಚಿದವು. ಅರವತ್ತು. ಮುಳ್ಳು ಅರವತ್ತರ ಮೇಲೆ ಕೂದಲಷ್ಟೂ ಆಚೀಚೆ ಇಲ್ಲ. ಯಂತ್ರವನ್ನು ಮತ್ತೆ ರಬ್ಬರಿನ ಮೇಲಿಟ್ಟು ಅವೇ ಮೂರು ಬಿಲ್ಲೆ. ಅರವತ್ತೊಂದೂವರೆ. ಮತ್ತೆ ಸಿಮೆಂಟು, ಅರವತ್ತು. ಬಿಲ್ಲೆಗಳನ್ನು ಯಂತ್ರದ ಮೇಲೇ ಬಿಟ್ಟು ಗೋಡೆ ಹಿಡಿದು ಮೇಲೆ ಬಂದೆ.

ಅರವತ್ತು ಕೆಜಿ ಮಗನ ಮಿತಿ, ಅದಕ್ಕಿಂತ ಹೆಚ್ಚಿದ್ದರೆ ಅವನ ತೂಕದ ವರ್ಗದಲ್ಲಿ ಇಳಿಯುವಂತಿಲ್ಲ. ಹದಿನಾರು ವರ್ಷದ ಹಿಂದೆ, ಅವನಿಗೆ ಹತ್ತೊಂಬತ್ತು, ಹಾಲಿನಲ್ಲಿ ಎಲ್ಲರೂ ಕಡ್ಡಿ ಅನ್ನುತ್ತಿದ್ದರು, ದೊಡ್ಡ ಪಂದ್ಯದ ದಿನ ಬೆಳಿಗ್ಗೆ ಈ ಯಂತ್ರದ ಮೇಲೆ ನಿಂತ, ರಬ್ಬರಿನ ಮೇಲೆ, ಅರವತ್ತೊಂದೂವರೆ. ಅಂದರೆ ಅರವತ್ತು. ಹಾಸಿಗೆಯಿಂದ ಎದ್ದಾಗಲೇ ಅರವತ್ತು. ನೀರು ಕುಡಿದು, ಊಟ ಮಾಡಿ, ಸೀಟಿ ಹೊಡೆದುಕೊಂಡು ಹೋಗಬಹುದಾಗಿತ್ತು. ನಾನು ಮುಳ್ಳು ನೋಡಿ ನಿನ್ನೆ ಕದ್ದು ತಿಂದೆಯಾ ಅಂದೆ. ಇಲ್ಲಪ್ಪ, ನಿನ್ನಾಣೆ, ಅಂದ. ಮುಳ್ಳು ಸುಳ್ಳು ಹೇಳುತ್ತಾ ಅಂದೆ. ಪ್ಲಾಸ್ಟಿಕ್ಕಿನ ಅಂಗಿ ತೊಡಿಸಿದೆ, ಅದರ ಮೇಲೆ ಉಣ್ಣೆಯದು, ನೀರು ಕಾಯಿಸುವ ಕೋಣೆಯಲ್ಲಿ ನಿಲ್ಲಿಸಿ ಹಗ್ಗ ಹಾರಿಸಿದೆ, ಹಿಂದಿನ ದಿನದಿಂದ ಬಾಯಿಗೆ ನೀರಿಲ್ಲ, ಹಾರು, ಹಾರೋ, ಕಣ್ಣು ಒಳಗೆ ಹೋಗಿತ್ತು, ತುಟಿ ಬೂದಿಯ ಬಣ್ಣ, ಎರಡು ಸಲ ಬಿದ್ದ, ಹಗ್ಗದ ತುದಿಯಿಂದ ಮೀನಖಂಡಕ್ಕೆ ಬಾರಿಸಿ ಎಬ್ಬಿಸಿದೆ. ನಮ್ಮ ಕಸುಬಿನಲ್ಲಿ ಇದು ಕ್ರೌರ್ಯವಲ್ಲ, ನನ್ನ ಗುರು ನನಗೂ ಹೀಗೇ ಮಾಡಿದ. ಬಾಯಿ ಮುಕ್ಕಳಿಸ್ತೀನಪ್ಪ, ನುಂಗಲ್ಲ, ಅಂದ. ಲೋಟ ಕೊಟ್ಟೆ. ಗಲ್ಲದ ಕೆಳಗೆ ಟವೆಲು ಹಿಡಿದು ಗಂಟಲಿನ ಮೇಲೇ ಕಣ್ಣಿಟ್ಟು ನಿಂತೆ, ಒಣಗಿದ ಕತ್ತು, ಗಂಟಲಮಣಿ ಎದ್ದು ನಿಂತಿದೆ, ಅಲುಗಬಾರದು, ಬಾಯಲ್ಲಿ ನೀರು ಆ ಕಡೆ ಈ ಕಡೆ ಓಡಾಡಿತು, ಕಣ್ಣು ಮುಚ್ಚಿದ, ಗಂಟಲಮಣಿ ಮೇಲೆ ಹೋಯಿತು, ಕೆಳಗೆ ಬಂತು. ಒಂದು ಗುಟುಕು. ಹೊಡೆದೆ. ಅಂಗೈಯಲ್ಲಿ, ಕೆನ್ನೆಗೆ, ಉಳಿದ ನೀರು ಗೋಡೆಗೆ ಹಾರಿತು. ಅವನು ಗೋಡೆಯ ಮೇಲೆ ನೀರು ಇಳಿಯುವುದನ್ನು ನೋಡುತ್ತಿದ್ದ, ನನ್ನನ್ನಲ್ಲ.

ಮಧ್ಯಾಹ್ನ ಪಂದ್ಯದ ಜಾಗದಲ್ಲಿ ಅವರ ಯಂತ್ರ, ಕಲ್ಲಿನ ನೆಲ, ಐವತ್ತೆಂಟೂವರೆ. ತೂಕದ ಗುಮಾಸ್ತ ಕನ್ನಡಕದ ಮೇಲಿನಿಂದ ನೋಡಿ ಏನ್ರೀ ಉಸ್ತಾದರೇ, ಹುಡುಗನ್ನ ಹಿಂಡಿ ಹಾಕಿದ್ದೀರಲ್ಲ, ಇಷ್ಟು ಯಾಕೆ ಇಳಿಸಿದ್ರಿ ಅಂದ. ಹಗುರಾದಷ್ಟೂ ಚುರುಕು ಅಂದೆ. ಹೆಮ್ಮೆಯಿಂದ ಅಂದೆ. ಆಗ ಅನುಮಾನ ಬರಬೇಕಿತ್ತು, ನಮ್ಮಲ್ಲಿ ಅರವತ್ತಕ್ಕೆ ಇಳಿದವನು ಇಲ್ಲಿ ಐವತ್ತೆಂಟೂವರೆ ಹೇಗಾದ ಅಂತ ಕೇಳಬೇಕಿತ್ತು, ಬಸ್ಸಿನಲ್ಲಿ ಬೆವರಿದ್ದಾನೆ ಅಂದುಕೊಂಡೆ. ಆಮೇಲೆ ಕೊಟ್ಟ ನೀರೆಲ್ಲ ವಾಂತಿ ಮಾಡಿದ. ಮೂರನೆಯ ಸುತ್ತಿನಲ್ಲಿ ಬಿದ್ದ ಏಟು ಏಟೇ ಅಲ್ಲ, ನಮ್ಮ ಹಾಲಿನ ಮಕ್ಕಳು ತಮಾಷೆಗೆ ಹೊಡೆಯುವಂಥ ಎಡಗೈ, ತಲೆ ಒಂದಿಷ್ಟು ಹಿಂದೆ ಹೋಯಿತು, ಕಾಲು ಮಡಚಿಕೊಂಡವು, ಮುಖವೇ ಮೊದಲು ನೆಲಕ್ಕೆ. ಮೈಯಲ್ಲಿ ನೀರೇ ಇರಲಿಲ್ಲವಲ್ಲ, ತಲೆಯೊಳಗಿನ ರಕ್ತನಾಳ ಒಣಗಿದ ದಾರದ ಹಾಗೆ ಹರೀತು, ಅಂತ ಅಲ್ಲಿಯ ಆಸ್ಪತ್ರೆಯ ಡಾಕ್ಟರು ಅಂದರು. ಎರಡು ದಿನ ಜೀವ ಹಿಡಿದಿದ್ದ. ದೇವರೇ, ನಿನ್ನನ್ನು ಬೈಯಲಿಲ್ಲ ನಾನು, ಆಟದ ಕಟ್ಟಳೆ ಇದು, ತೂಕ ತೂಕವೇ, ಎಲ್ಲ ಗುರುಗಳೂ ಎಲ್ಲ ಮಕ್ಕಳನ್ನೂ ಹೀಗೇ ಇಳಿಸುತ್ತಾರೆ, ನನ್ನ ಮಗನನ್ನು ನೀನು ಕರೆದುಕೊಂಡೆ — ಹದಿನಾರು ವರ್ಷ ಈ ಒಂದು ಮಾತಿನ ಮೇಲೆ ನಿಂತಿದ್ದೆ. ಅದನ್ನು ಇವತ್ತು ನೀನು ಕಿತ್ತುಕೊಂಡೆ. ನೀನು ಕರೆದುಕೊಳ್ಳಲಿಲ್ಲ. ಕಟ್ಟಳೆಯೂ ಅಲ್ಲ. ಇಲ್ಲದ ಒಂದೂವರೆ ಕೆಜಿಯನ್ನು ನಾನು ಅವನ ಮೈಯಿಂದ ಹಿಂಡಿ ತೆಗೆದೆ.

ಎರಡನೆಯದು. ಜೀವ ತೆಗೆದುಕೊಳ್ಳುವುದು ಪಾಪ ಅಂತ ಗೊತ್ತು, ಮೂರು ಹೊತ್ತೂ ನಿನ್ನ ಹೆಸರು ಹೇಳುವವನು, ಹಗ್ಗ ಹುಡುಕಲಿಲ್ಲ, ಮಹಡಿಯ ಅಂಚಿಗೆ ಹೋಗಲಿಲ್ಲ, ಊಟ ಮಾಡುತ್ತಿದ್ದೇನೆ ಅಷ್ಟೆ, ಮಗನ ಪಾಲು ಉಣ್ಣುವುದು ಯಾವ ಲೆಕ್ಕದ ಪಾಪ, ಹರಿದರೆ ಹರಿಯಲಿ — ನೋವು ಭುಜದವರೆಗೆ ಏರಿತು, ಬೆವರು ಕಣ್ಣಿಗಿಳಿಯುತ್ತಿದೆ, ಬಾಯಲ್ಲಿ ನೊರೆ, ನೊರೆಯ ಮೇಲೇ ಮೂರನೆಯದನ್ನು ತುರುಕಿದೆ, ಬಾಯಿ ತುಂಬಿತು, ನುಂಗಬೇಕು, ಕೆಳಗೆ ಗುದ್ದು ನಿಂತಿದೆ, ಯಾವಾಗ ನಿಂತಿತು, ಮೆಟ್ಟಿಲ ಮೇಲೆ ಹೆಜ್ಜೆ, ಎರಡೆರಡು ಮೆಟ್ಟಿಲು ಒಟ್ಟಿಗೆ ಹತ್ತುವ ಹೆಜ್ಜೆ, ಬಾಗಿಲು. ಮಗಳು. ಒಂದು ಕೈಗೆ ಪಟ್ಟಿ ಇನ್ನೂ ಸುತ್ತಿದೆ. ತಟ್ಟೆ ನೋಡಿದಳು, ನನ್ನ ಕೆನ್ನೆ ನೋಡಿದಳು. ಕಿರುಚಲಿಲ್ಲ. ಎಷ್ಟು ಒಳಗೆ ಹೋಯ್ತು ಅಂದಳು. ಎರಡು ಬೆರಳು ತೋರಿಸಿದೆ. ನನ್ನ ಕಾಲ ಹತ್ತಿರ ನೆಲದ ಮೇಲೆ ಕೂತಳು. ಬಾಗಿಲ ಹತ್ರ ಸಿಮೆಂಟಿನ ಮೇಲೆ ಆ ಹಳೇ ಯಂತ್ರ, ಅದರ ಮೇಲೆ ಮೂರು ಬಿಲ್ಲೆ, ಬೆಳಿಗ್ಗೇನೇ ನೋಡಿದೆ, ಯಾರೋ ಮಕ್ಕಳ ಆಟ ಅಂದ್ಕೊಂಡೆ, ಈಗ ಆ ಹುಡುಗಿಗೆ ಉಸಿರು ಬಿಡೋದು ಹೇಳ್ಕೊಡ್ತಾ ಇದ್ದಾಗ ತಲೆಗೆ ಹೋಯ್ತು, ಅಂದಳು. ಆಮೇಲೆ ಕೈಪಟ್ಟಿ ಬಿಚ್ಚುತ್ತಾ, ನಂಗೆ ಗೊತ್ತಿತ್ತಪ್ಪ, ಅಂದಳು. ಒಂಬತ್ತು ವರ್ಷ ಆಯ್ತು. ಹಾಲು ನನ್ನ ಕೈಗೆ ಬಂದ ವರ್ಷವೇ ತೂಕದ ಇಲಾಖೆಯವ್ರು ಬಂದು ರಬ್ಬರಿನ ಮೇಲೆ ಇದು ಹೆಚ್ಚು ತೋರಿಸುತ್ತೆ ಅಂತ ಹೇಳಿದ್ರು, ಅದಕ್ಕೇ ಮಕ್ಕಳಿಗೆ ಹೊಸ ಯಂತ್ರ ತಂದೆ, ಹಳೇದನ್ನ ಅಲ್ಲಾಡಿಸಲಿಲ್ಲ, ಅಲ್ಲಾಡಿಸಿದ್ರೆ ನೀನು ಕೇಳ್ತಿದ್ದೆ. ಅಮ್ಮನಿಗೆ ಹೇಳಿದೆ.

ಅಮ್ಮನಿಗೆ. ಬಾಯಿ ತುಂಬಿದೆ, ಮಾತು ಬರುವುದಿಲ್ಲ, ಕಣ್ಣಲ್ಲೇ ಕೇಳಿದೆ. ಅಮ್ಮ ಆ ಸಂಜೆ ಹೇಳಿದ್ಲು, ಅವ್ರಿಗೆ ಗೊತ್ತಾಗ್ಬಾರ್ದು, ಊಟ ಬಿಡ್ತಾರೆ ಅಂತ. ಹಾಗಾದರೆ ಕೊನೆಯ ಐದು ವರ್ಷ ಗೊತ್ತಿದ್ದೇ ಸುರಿದಳು, ಎಲ್ಲ ಗೊತ್ತಿದ್ದು ಆ ಪಾಲನ್ನು ಈ ತಟ್ಟೆಗೆ ಸುರಿದು ಎದುರು ಕೂತು ನಾನು ಉಣ್ಣುವುದನ್ನು ನೋಡಿದಳು — ಬದುಕಲಿ ಅಂತಲೋ, ಒಡೆದು ಸಾಯಲಿ ಅಂತಲೋ. ಮಗಳು ನನ್ನ ಮುಖ ಓದಿದಳು. ಎರಡೂ ಇರಬೇಕಪ್ಪ, ನಂಗೂ ಎರಡೂ ಇದೆ, ಅಂದಳು. ಎಷ್ಟೋ ಸಲ ನಿನ್ನ ಮೂತಿಗೆ ನಾಲ್ಕು ಬಿಗೀಬೇಕು ಅನ್ನಿಸಿದೆ, ಬಿಗಿದ್ರೆ ನೀನೇ ತಪ್ಪು ಹಿಡೀತೀಯ, ಮೊಣಕೈ ಒಳಗೆ ತಗೋ ಅಂತೀಯ. ನಗು ಬಂತು, ಮೂಗಿನಿಂದ ನೊರೆ ಬಂತು, ಚಾಕು ತಿರುಗಿತು. ಅವಳು ನಗಲಿಲ್ಲ. ಅವನ ಹೆಣಾನ ಆ ಮೆಟ್ಟಿಲು ಹತ್ತಿಸ್ಕೊಂಡು ಬಂದವಳು ನಾನು, ಕಾಲು ಹಿಡಿದವಳು, ನಿನ್ನ ಹಿಡಿಯೋಕೆ ಆಗಲ್ಲ ನಂಗೆ. ನೀನು ನುಂಗಿದ್ರೆ ನುಂಗು. ನಾನು ಎಣಿಸಲ್ಲ ಇವತ್ತು. ಹಾಗೆ ಅಂದು ಅಂಗೈಯನ್ನು ಬಟ್ಟಲು ಮಾಡಿ ನನ್ನ ಗಲ್ಲದ ಕೆಳಗೆ ಹಿಡಿದಳು, ಬರಿಯ ಅಂಗೈ, ಬೆರಳ ಗೆಣ್ಣುಗಳೆಲ್ಲ ನನ್ನವೇ ಹಾಗೆ ಜಜ್ಜಿವೆ, ಹಿಡಿದು ನನ್ನ ಕಣ್ಣು ನೋಡುತ್ತಿಲ್ಲ, ಗಂಟಲು ನೋಡುತ್ತಿದ್ದಾಳೆ.

ಗಂಟಲು ಅಲುಗಬಾರದು, ಅಲುಗಬೇಕು, ನಾಲಗೆಯ ಬುಡದಲ್ಲಿ ಕೂತಿದೆ, ಒಂದು ನೂಕಿದರೆ ಆಯಿತು, ಅವಳ ಕೈ ಗಲ್ಲದ ಕೆಳಗೇ ಇದೆ, ಕೆಳಗೆ ಯಾರೋ ಮೂಟೆಗೆ ಒಂದು ಗುದ್ದಿದರು, ಮತ್ತೆ ಸುಮ್ಮನಾದರು, ದೇವರೇ, ಬೇಡುವುದು ಏನು ಅಂತಲೇ ತಿಳಿಯುತ್ತಿಲ್ಲ — ಉಗಿದೆ. ಅವಳ ಅಂಗೈ ತುಂಬ, ನೊರೆ, ಬೂದು ಬಣ್ಣದ ಮುದ್ದೆ, ರಕ್ತದ ಒಂದು ಎಳೆ, ಅವಳು ಕೈ ಹಿಂದಕ್ಕೆ ತೆಗೆಯಲಿಲ್ಲ, ಇನ್ನೂ, ಅಂದಳು, ಇನ್ನೂ ಉಗಿದೆ, ಇನ್ನೊಂದು ಕೈಯಲ್ಲಿ ಫೋನು ಹುಡುಕುತ್ತಿದ್ದಾಳೆ, ಡಾಕ್ಟರಿಗೆ ಹೇಳುತ್ತಿದ್ದಾಳೆ, ಎರಡು ಒಳಗಿದೆ, ಹೌದು, ಈಗಲೇ ಕರ್ಕೊಂಡು ಬರ್ತೀನಿ, ಏಳಪ್ಪ, ಚಪ್ಪಲಿ ಬೇಡ, ಏಳು, ಏಳುತ್ತಿದ್ದೇನೆ, ಏಳಲೇಬೇಕು, ಬಾಯಿ ಬರಿದಾಗಿದೆ, ಮುಕ್ಕಳಿಸಲು ಲೋಟ ಕೊಟ್ಟಳು, ತಣ್ಣಗಿನ ನೀರು, ಆ ಕಡೆ, ಈ ಕಡೆ, ನುಂಗಬೇಡ ಅನ್ನುತ್ತಿದ್ದಾಳೆ, ಇಂಥ ನೀರು ಆ ಬಿಸಿ ಕೋಣೆಯಲ್ಲಿ ಅವನಿಗೆ ಎಷ್ಟು ತಣ್ಣಗಿದ್ದಿರಬೇಕು, ಅವನು ಕಣ್ಣು ಮುಚ್ಚಿದ್ದಾನೆ, ನನ್ನ ಕೈ ಇನ್ನೂ ಎದ್ದಿಲ್ಲ, ಗಂಟಲಮಣಿ ಮೇಲೆ ಹೋಗುತ್ತಿದೆ, ಕೆಳಗೆ ಬರುತ್ತಿದೆ, ಮೇಲೆ ಹೋಗುತ್ತಿದೆ, ಕೆಳಗೆ