ಬಲಗಡೆಯ ಬಂಡೆ

"ರಿಶ್! ಅದೇ ರಿಶ್!" ಎಂದು ಮೊಹಾ ಸೀಟಿನಿಂದ ಎದ್ದೇಬಿಡುತ್ತಿದ್ದ, ಬೆಲ್ಟು ಹಿಡಿದೆಳೆದು ಕೂರಿಸಿತು. ಕೂತಲ್ಲಿಂದಲೇ ಕಿಟಕಿಯ ಗಾಜನ್ನು ಬೆರಳಿನಿಂದ ಕುಟ್ಟಿದ. "ನದಿ ನೋಡು ಮಗಳೇ. ಆ ಮಸೀದಿ ನೋಡು. ಅದರ ಹಿಂದೇನೇ ಬೂಅಜ್ಜಾನ ಟೈರ್ ಅಂಗಡಿ. ಜೀವಮಾನವೆಲ್ಲಾ ಆ ಊರಲ್ಲಿ ಚಾ ಕುಡಿದವನಿಗೆ ಗೊತ್ತಾಗಲ್ವಾ?"

ಯಾಮ್ನಾ ವಿಮಾನದ ಬಲರೆಕ್ಕೆಯನ್ನು ತುಸು ಬಾಗಿಸಿ ಕೆಳಗೆ ನೋಡಿದಳು. ಕಂದು ಧೂಳಿನ ಮಬ್ಬಿನಲ್ಲಿ ಒಂದು ಊರು, ಊರಿನ ಮಗ್ಗುಲಲ್ಲಿ ನದಿ, ನದಿಗೆ ಅಂಟಿಕೊಂಡು ಹಸಿರಿನ ಪಟ್ಟಿ, ಮುಂದೆ ಬೆಟ್ಟದೊಳಕ್ಕೆ ನುಗ್ಗುವ ಕಣಿವೆಯ ಬಾಯಿ. ತೊಡೆಯ ಮೇಲಿದ್ದ ನಕ್ಷೆಯಲ್ಲಿ ರಿಶ್ ಊರಿಗೂ ಇಷ್ಟೆಲ್ಲ ಇತ್ತು. ಅಂತೂ ದಾರಿ ಸಿಕ್ಕಿತು ಅನ್ನಿಸಿತು. "ಹೌದಪ್ಪಾ, ರಿಶ್" ಎಂದಳು. ನಕ್ಷೆಯ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿದಳು.

ಮೊಹಾ ಗೆದ್ದವನಂತೆ ಹಿಂದಕ್ಕೊರಗಿದ. ತೊಡೆಯ ಮೇಲೆ ಫೆಸ್ ಊರಿನ ಬಾದಾಮಿ ಮಿಠಾಯಿಯ ಪೆಟ್ಟಿಗೆ, ಮೈಮೇಲೆ ಈದಿಗೆಂದು ಹೊಲಿಸಿದ್ದ ಬಿಳಿ ಜೆಲ್ಲಾಬ. ಫೆಸ್ ಬಿಟ್ಟಾಗಿನಿಂದ ಆ ಪೆಟ್ಟಿಗೆಯ ದಾರವನ್ನು ಬಿಚ್ಚುತ್ತಿದ್ದ, ಕಟ್ಟುತ್ತಿದ್ದ. ಕೈಗೆ ಸ್ಟೀರಿಂಗ್ ಇಲ್ಲದೆ ಪ್ರಯಾಣ ಮಾಡಿ ಅಭ್ಯಾಸವಿಲ್ಲದ ಮನುಷ್ಯ, ಪಾಪ, ಇನ್ನೇನು ಮಾಡಿಯಾನು.

ಫೆಸ್‌ನಿಂದ ಅಟ್ಲಾಸ್ ಬೆಟ್ಟಗಳನ್ನು ದಾಟಿ ಎರ್‌ರಶೀದಿಯಾಗೆ ಹೋಗುವ ರಸ್ತೆಯಲ್ಲಿ ಮೊಹಾ ಟ್ಯಾಕ್ಸಿ ಓಡಿಸಿದವನು. ಆರು ಜನರನ್ನು ಒತ್ತರಿಸಿ ತುಂಬುವ ಹಳೇ ಮರ್ಸಿಡಿಸ್. ಫೆಸ್‌ನ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದ ಮಗಳು ವಿಮಾನ ಕಲಿಯುತ್ತೇನೆಂದಾಗ ಆ ಮರ್ಸಿಡಿಸ್ಸನ್ನೇ ಮಾರಿದ. ಎರ್‌ರಶೀದಿಯಾದಲ್ಲಿ ಖರ್ಜೂರದ ವ್ಯಾಪಾರ ಮಾಡುವ ಅವನ ಅಣ್ಣ, ಹಾಜಿ ಬಾಸ್ಲಾಮ್, ಅಂದಿನಿಂದ ಯಾವ ಮದುವೆ ಮುಂಜಿಯಲ್ಲೂ ಬಿಟ್ಟವನಲ್ಲ. "ನಮ್ಮ ಮೊಹಾನ ತಲೆ ನೋಡ್ರಪ್ಪಾ. ಅನ್ನ ಹಾಕೋ ಗಾಡಿ ಮಾರಿ ಹೆಣ್ಣುಮಗಳಿಗೆ ರೆಕ್ಕೆ ಕಟ್ಟಿಸ್ತಾ ಇದಾನೆ!" ಕಳೆದ ಈದಿನ ದಿನ ಎಲ್ಲರೆದುರಿಗೆ ಮಾತು ಕೊಟ್ಟೂಬಿಟ್ಟಿದ್ದ: "ಅವಳು ನಿನ್ನ ಕೂರಿಸ್ಕೊಂಡು ಇಲ್ಲಿ ಬಂದಿಳಿದ ದಿನ, ಇಡೀ ಕೇರಿ ಮುಂದೆ ನಿನ್ನ ತಲೆಗೆ ನಾನು ಮುತ್ತಿಡ್ತೀನಿ."

ಅಣ್ಣ ತಮ್ಮನ ತಲೆಗೆ! ಅದು ಚಿಕ್ಕವರು ದೊಡ್ಡವರಿಗೆ ಸಲ್ಲಿಸುವ ಮರ್ಯಾದೆ. ಹುಟ್ಟಿದಾಗಿನಿಂದ ಬಾಗಿ ಬಾಗಿ ಅಣ್ಣನ ತಲೆಗೆ ಮುತ್ತಿಡುತ್ತ ಬಂದ ಮೊಹಾಗೆ ಅವತ್ತಿನಿಂದ ನಿದ್ದೆ ಹತ್ತಲಿಲ್ಲ. ಮಗಳ ಲೈಸೆನ್ಸು ಬಂದದ್ದೇ ತಡ, ಈ ಶುಕ್ರವಾರ ಬರುತ್ತೇವೆ ಎಂದು ಫೋನು ಮಾಡಿದ್ದ. ಹಾಜಿ ಕುರಿ ಕಡಿಸಿದ್ದ. ಈಗ ಕೇರಿಯ ಜನವೆಲ್ಲ ವಿಮಾನ ನಿಲ್ದಾಣದ ಬೇಲಿಗೆ ಆತು ನಿಂತು ಆಕಾಶ ನೋಡುತ್ತಿರಬೇಕು.

ಮಿದೆಲ್ತ್ ಊರಿನ ತನಕ ಎಲ್ಲ ಸರಿಯಾಗಿತ್ತು. ಸೇಬಿನ ತೋಟಗಳು, ಕೂಡುರಸ್ತೆ, ಊರಾಚೆಯ ಹಳೇ ಮಣ್ಣಿನ ರನ್‌ವೇ, ನಕ್ಷೆ ಹೇಳಿದ ಕಡೆ ಹೇಳಿದ ಹೊತ್ತಿಗೆ ಬಂದಿದ್ದವು. ಅದರಾಚೆ ಕಣಿವೆದಾರಿಯ ಮೇಲೆ ಮೋಡ ಮಲಗಿತ್ತು. "ಹಿಂದಕ್ಕೆ ಹೋಗೋಣ್ವಾ ಅಪ್ಪಾ?" ಎಂದು ಕೇಳಿಯೂ ಕೇಳಿದ್ದಳು. "ಹಿಮ ಸುರೀವಾಗ ದಾಟಿದವನು ನಾನು. ಇಷ್ಟು ಹತ್ತಿಗೆ ಹೆದರ್ತೀಯಾ?" ಎಂದಿದ್ದ. ಸರಿ, ಎಡಕ್ಕೆ ಸುತ್ತಿ ಹೋಗಿ ಆಮೇಲೆ ಬಲಕ್ಕೆ ಹೊರಳಿ ದಾರಿ ಸೇರೋಣ ಎಂದು ಮೋಡದ ಅಂಚು ಹಿಡಿದು ಹೊರಟಳು. ಮೋಡ ಮುಗಿಯಲಿಲ್ಲ. ಪಡುವಣ ಗಾಳಿ ಬೇರೆ ಬೆನ್ನಿಗೆ ಬಿದ್ದಿತ್ತು. ಕೊನೆಗೆ ಧೂಳಿನೊಳಗಿಂದ ಈ ಊರು ಕಂಡಿತು.

ಇನ್ನು ಕಷ್ಟವೇನಿಲ್ಲ. ರಿಶ್ ದಾಟಿದ ಮೇಲೆ ಝಿಜ್ ನದಿಯನ್ನು ಹಿಡಿದು ಕಣಿವೆಯೊಳಗೆ ದಕ್ಷಿಣಕ್ಕೆ ಹೋದರೆ ಅಣೆಕಟ್ಟಿನ ನೀಲಿ ಸರೋವರ, ಸರೋವರದ ಬುಡದಲ್ಲೇ ಎರ್‌ರಶೀದಿಯಾ. ಮೋಡ ತಲೆಯ ಮೇಲೆ ಇನ್ನಷ್ಟು ಇಳಿದಿದ್ದರಿಂದ ಯಾಮ್ನಾ ವಿಮಾನವನ್ನೂ ಇಳಿಸಿ ಕಣಿವೆಗೆ ನುಗ್ಗಿಸಿದಳು. ಎರಡೂ ಕಡೆ ಕೆಂಪು ಬಂಡೆ ಎದ್ದು ನಿಂತಿತು.

"ನಿನ್ನ ದೊಡ್ಡಪ್ಪ ಮೀಸೆ ಒರೆಸ್ಕೋಬೇಕು ಇವತ್ತು" ಎಂದ ಮೊಹಾ. ಹೆಡ್‌ಫೋನಿನಲ್ಲಿ ಅವನ ದನಿ ಕಿವಿಯೊಳಗೇ ಕುಣಿಯುತ್ತಿತ್ತು. "ಮುತ್ತಿಡೋವಾಗ ತಲೆ ಬಗ್ಗಿಸ್ಲಾ ಬೇಡ್ವಾ ಅಂತ ಯೋಚಿಸ್ತಾ ಇದೀನಿ. ಬಗ್ಗಿಸಲ್ಲ. ಅವನೇ ತುದಿಗಾಲಲ್ಲಿ ನಿಲ್ಲಲಿ."

"ಅಪ್ಪಾ, ರಸ್ತೆ ಎಲ್ಲಿ?"

"ಯಾವ ರಸ್ತೆ?"

"ನೀನು ಓಡಿಸ್ತಿದ್ದ ರಸ್ತೆ. ನದಿ ಪಕ್ಕದಲ್ಲೇ ಇರಬೇಕಲ್ಲ. ಸುರಂಗ ಇತ್ತು ಅಂತಿದ್ದೆ."

ಮೊಹಾ ಕೆಳಗೆ ಬಗ್ಗಿ ನೋಡಿದ. ನದಿಯ ಕಲ್ಲುಹಾಸು, ಒಂದು ಕತ್ತೆಯ ದಾರಿ. "ಬಂಡೆ ಮರೆಯಲ್ಲಿದೆ. ಮೇಲಿಂದ ಕಾಣಲ್ಲ. ಸರೋವರ ಈಗ ಬರುತ್ತೆ ನೋಡು, ಈ ತಿರುವು ಆದ ಮೇಲೆ."

ತಿರುವು ಆಯಿತು. ಸರೋವರ ಬರಲಿಲ್ಲ. ಇನ್ನೊಂದು ತಿರುವಿನಾಚೆ ಇದೆ ಎಂದ. ಅಲ್ಲೂ ಇರಲಿಲ್ಲ. ಯಾಮ್ನಾ ರೇಡಿಯೊದಲ್ಲಿ ಎರ್‌ರಶೀದಿಯಾವನ್ನು ಕರೆದಳು. ಬೆಟ್ಟಗಳ ನಡುವೆ ಬರೀ ಗೊರಗೊರ ಸದ್ದು. ದಿಕ್ಸೂಚಿಯನ್ನು ನೋಡಿದಳು, ನಂಬದೆ ಮತ್ತೆ ನೋಡಿದಳು. ಕಣಿವೆ ಒಂದೊಂದು ಸಲ ಹೊರಳಿದಾಗಲೂ ವಿಮಾನದ ಮೂತಿ ಪೂರ್ವಕ್ಕೆ ವಾಲುತ್ತಿತ್ತು, ವಾಲಿದ್ದು ವಾಪಸು ಬರುತ್ತಿರಲಿಲ್ಲ. ಝಿಜ್ ಹೀಗೆ ಹರಿಯುವುದಿಲ್ಲ.

ವಿಮಾನ ಕಲಿಸಿದ ಬೂಶ್ತಾ ಮೇಷ್ಟ್ರು ಸಿಗರೇಟಿನ ಹೊಗೆಯ ಮಧ್ಯೆ ಬೈದದ್ದು ನೆನಪಾಯಿತು. "ನೆಲದ ಮೇಲೆ ಊರು ಕಂಡ ತಕ್ಷಣ ನಕ್ಷೆಯಲ್ಲಿ ಹುಡುಕ್ತೀಯಲ್ಲಾ, ಅಲ್ಲೇ ನೀನು ಸಾಯೋದು. ಮೊದಲು ನಕ್ಷೆ ನೋಡು, ಎಂಥ ಊರು ಬರಬೇಕು ಅಂತ ಮನಸ್ಸಲ್ಲಿ ಇಟ್ಕೋ, ಆಮೇಲೆ ಕೆಳಗೆ ನೋಡು. ಬೇಕು ಬೇಕು ಅಂದ್ರೆ ಕಣ್ಣು ಯಾವ ಊರನ್ನ ಬೇಕಾದ್ರೂ ನಿನ್ನೂರು ಮಾಡಿ ತೋರಿಸುತ್ತೆ."

ನಕ್ಷೆಯಲ್ಲಿ ರಿಶ್‌ನ ಪೂರ್ವಕ್ಕೆ ಬೆರಳು ಜಾರಿಸಿದಳು. ಗುರ್ರಾಮಾ. ಅದಕ್ಕೂ ಒಂದು ನದಿ, ಅದಕ್ಕೂ ಹಸಿರಿನ ಪಟ್ಟಿ, ಅದಕ್ಕೂ ಕಣಿವೆ. ನದಿಯ ಹೆಸರು ಗೀರ್. ಗೀರ್ ಯಾವ ಸರೋವರಕ್ಕೂ ಹೋಗುವುದಿಲ್ಲ, ಅಲ್ಜೀರಿಯಾಕ್ಕೆ ಹೋಗುತ್ತದೆ. ಗಡಿ ಮುಚ್ಚಿದ್ದ ಕಾಲ. ಇದು ದೊಡ್ಡಪ್ಪನ ಮನೆಯ ಊಟಕ್ಕೆ ಹೊರಟ ವಿಮಾನ ಎಂದು ಆಚೆಯ ಸೈನಿಕರಿಗೆ ಯಾರು ಹೇಳಬೇಕು?

"ಅಪ್ಪಾ, ಅದು ರಿಶ್ ಅಲ್ಲ."

"ಏನಂದೆ?"

"ಅದು ಗುರ್ರಾಮಾ. ನಾವು ಬೇರೆ ನದೀಲಿದೀವಿ. ತಿರುಗಿಸ್ತೀನಿ."

"ಹುಚ್ಚಿ!" ಮೊಹಾನ ದನಿ ಒಡೆಯಿತು. "ನನ್ನ ಕಣ್ಣೇನು ಕುರುಡಾ? ನೀನು ಹುಟ್ಟೋ ಮೊದಲಿಂದ ಆ ಊರು ಗೊತ್ತು ನನಗೆ!"

"ಕೆಳಗಿಂದ ಗೊತ್ತು ಅಪ್ಪಾ. ಮೇಲಿಂದ ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ."

ಅವನು ಸಿಟ್ಟಿನಿಂದ ಏನೋ ಹೇಳಲು ಹೋಗಿ, ಬೇಡುವ ದನಿಗೆ ಇಳಿದ. "ಒಂದು ತಿರುವು, ಯಾಮ್ನಾ. ಒಂದೇ ಒಂದು. ಅವನು ಬೇಲಿ ಹತ್ತಿರ ನಿಂತಿದಾನೆ ಕಣೇ. ಎಲ್ಲರನ್ನೂ ಕರ್ಕೊಂಡು ನಿಂತಿದಾನೆ. ಇಷ್ಟು ದೂರ ಬಂದು..."

ಅಪ್ಪ ಹೀಗೆ ಬೇಡಿದ್ದನ್ನು ಅವಳು ಕೇಳಿಯೇ ಇರಲಿಲ್ಲ. ದೊಡ್ಡಪ್ಪನ ಆ ಮುತ್ತು ಅಪ್ಪನಿಗಿಂತ ಹೆಚ್ಚಾಗಿ ಅವಳಿಗೆ ಬೇಕಿತ್ತು. ಅಪ್ಪ ಮಾರಿದ ಗಾಡಿಯ ಸೀಟಿನ ವಾಸನೆ ಈಗಲೂ ಅವಳ ಮೂಗಿನಲ್ಲಿತ್ತು. ಒಂದು ತಿರುವು ತಾನೇ, ನೋಡಿಯೇ ಬಿಡೋಣ ಎಂದು ಕೈ ಒಂದು ಗಳಿಗೆ ತಡೆಯಿತು. ಮುಂದೆ ಕಣಿವೆ ಕಿರಿದಾಗುತ್ತಿತ್ತು. ಆ ತಿರುವಿನಾಚೆ ವಿಮಾನ ಹೊರಳಿಸುವಷ್ಟು ಜಾಗ ಇದೆಯೋ ಇಲ್ಲವೋ ಯಾರಿಗೆ ಗೊತ್ತು.

"ಗಟ್ಟಿಯಾಗಿ ಕೂತ್ಕೋ" ಎಂದು ವಿಮಾನವನ್ನು ಬಲಕ್ಕೆ ಒತ್ತಿದಳು.

ಬಲಗಡೆಯ ಬಂಡೆ ಮೊಹಾನ ಕಿಟಕಿಗೆ ಬಂತು. ಅದರ ಬಿರುಕುಗಳು ಕಂಡವು, ಬಿರುಕಿನಲ್ಲಿ ಬೆಳೆದ ಮುಳ್ಳುಗಿಡ ಕಂಡಿತು. "ಬಂಡೆ! ಯಾ ರಬ್ಬಿ, ಬಂಡೆ ಕಣೇ! ಆ ಕಡೆ, ಆ ಕಡೆ!" ಮಿಠಾಯಿ ಪೆಟ್ಟಿಗೆ ಎದೆಗವಚಿಕೊಂಡು ಕಣ್ಣು ಮುಚ್ಚಿದ. ಯಾಮ್ನಾ ಇನ್ನೂ ಬಲಕ್ಕೆ ಹೋದಳು, ಇನ್ನು ಸಾಕು ಎನ್ನಿಸುವವರೆಗೆ ಹೋದಳು. ಆಮೇಲೆ ಎಂಜಿನ್ನಿನ ಹಿಡಿಯನ್ನು ಪೂರ್ತಿ ಮುಂದಕ್ಕೆ ತಳ್ಳಿ ಎಡಕ್ಕೆ ಬಾಗಿಸಿದಳು. ಇಡೀ ಕಣಿವೆ ಗಾಜಿನ ಮೇಲೆ ಅಡ್ಡಡ್ಡ ಹರಿಯಿತು: ಕೆಂಪು ಬಂಡೆ, ನದಿಯ ಕಲ್ಲು, ಎದುರುಗಡೆಯ ಗೋಡೆ ಹತ್ತಿರ, ಇನ್ನೂ ಹತ್ತಿರ, ಆಮೇಲೆ ಅದೂ ಪಕ್ಕಕ್ಕೆ ಸರಿಯಿತು. ಬಂದ ದಾರಿ ಮುಂದೆ ತೆರೆದುಕೊಂಡಿತು.

ಗುರ್ರಾಮಾದ ಮಸೀದಿ ಮತ್ತೆ ಕೆಳಗೆ ಬಂದು ಹಿಂದಾಯಿತು.

"ಬಲಕ್ಕೆ ಯಾಕೆ ಹೋದೆ?" ಎಂದು ಮೊಹಾ ಕೊನೆಗೆ ಕೇಳಿದ.

"ಮಧ್ಯದಿಂದ ತಿರುಗಿಸಿದ್ರೆ ಅರ್ಧ ಕಣಿವೇನೇ ಸಿಗೋದು ಅಪ್ಪಾ. ಗೋಡೆ ಪಕ್ಕದಿಂದ ತಿರುಗಿಸಿದ್ರೆ ಪೂರ್ತಿ ಸಿಗುತ್ತೆ."

ಸ್ವಲ್ಪ ಹೊತ್ತಿನ ಮೇಲೆ ಅವಳು ಓರೆಗಣ್ಣಲ್ಲಿ ನೋಡಿದಾಗ, ಮೊಹಾನ ಕೈಗಳು ಮಿಠಾಯಿ ಪೆಟ್ಟಿಗೆಯ ಮೇಲೆ ಇಲ್ಲದ ಸ್ಟೀರಿಂಗನ್ನು ಹಿಡಿದಿದ್ದವು. ಮೊದಲು ಬಲಕ್ಕೆ ಎಳೆದವು, ಆಮೇಲೆ ಎಡಕ್ಕೆ. ಹಿಮದ ದಿನಗಳಲ್ಲಿ ಬೆಟ್ಟದ ದಾರಿ ಮುಚ್ಚಿದಾಗ ಮರ್ಸಿಡಿಸ್ಸನ್ನು ಪ್ರಪಾತದ ಅಂಚಿಗೆ ಒಯ್ದು, ಪ್ರಯಾಣಿಕರು ಬಾಯಿ ಬಡಿದುಕೊಳ್ಳುತ್ತಿದ್ದಂತೆ ಹೊರಳಿಸುತ್ತಿದ್ದವನು ಅವನು.

ಗಟ್ಟಿಯಾಗಿ ಗೊತ್ತಿರುವ ಕೊನೆಯ ಜಾಗಕ್ಕೆ ಹೋಗು ಎಂಬುದೂ ಬೂಶ್ತಾ ಮೇಷ್ಟ್ರ ಪಾಠವೇ. ಮಿದೆಲ್ತ್‌ನ ಸೇಬಿನ ತೋಟಗಳು ಇದ್ದಲ್ಲೇ ಇದ್ದವು. ಮಣ್ಣಿನ ರನ್‌ವೇ ಮೇಲೆ ಒಮ್ಮೆ ತಗ್ಗಿನಲ್ಲಿ ಹಾರಿ ಕುರಿಗಳನ್ನು ಓಡಿಸಿ, ಎರಡನೇ ಸುತ್ತಿಗೆ ಇಳಿದಳು. ಪೊಲೀಸಿನವನೊಬ್ಬ ಟೊಪ್ಪಿ ಹಿಡಿದುಕೊಂಡು ಓಡಿ ಬಂದ. ಕಾಗದಪತ್ರ ನೋಡಿದ, ಅವಳನ್ನು ನೋಡಿದ, "ಓಡಿಸಿದ್ದು ಯಾರು?" ಎಂದು ಮೊಹಾನನ್ನು ಕೇಳಿದ. "ನಾನಾಗಿದ್ರೆ ಇಷ್ಟೊತ್ತಿಗೆ ಅಲ್ಜೀರಿಯಾದ ಜೈಲಲ್ಲಿರ್ತಿದ್ದೆ ಸ್ವಾಮೀ" ಎಂದು ಮೊಹಾ ಪೆಟ್ಟಿಗೆ ಬಿಚ್ಚಿ ಅವನ ಕೈಗೊಂದು ಮಿಠಾಯಿ ಇಟ್ಟ. ಪೊಲೀಸಿನವನು ತಿನ್ನುತ್ತಾ ವಿಮಾನದ ಕಾವಲಿಗೆ ನಿಂತ.

ರಸ್ತೆಯ ಪೆಟ್ರೋಲ್ ಬಂಕಿನಲ್ಲಿ ಚಾ ಅಂಗಡಿ ಇತ್ತು, ಅದರ ಮೂಲೆಯಲ್ಲಿ ಗಾಜಿನ ಗೂಡಿನೊಳಗೆ ಫೋನು. ಮೊಹಾ ಎರ್‌ರಶೀದಿಯಾದ ವಿಮಾನ ನಿಲ್ದಾಣದೆದುರಿನ ಚಾ ಅಂಗಡಿಗೆ ಹಚ್ಚಿ ಅಣ್ಣನನ್ನು ಕರೆಸಿದ. ಯಾಮ್ನಾ ಗೂಡಿನ ಬಾಗಿಲಲ್ಲೇ ನಿಂತಿದ್ದಳು.

"ಅಣ್ಣಾ, ನಾನು. ಮಿದೆಲ್ತ್‌ನಲ್ಲಿದೀವಿ. ಎಂಜಿನ್ ಸ್ವಲ್ಪ ಬಿಸಿ ಆಯ್ತು. ಹಳೇ ಎಂಜಿನ್ ನೋಡು, ಅದಕ್ಕೇ..."

ಹಾಜಿಯ ನಗು ರಿಸೀವರಿನಿಂದ ಹೊರಗೂ ಕೇಳಿತು. "ನಾನು ಹೇಳಿರಲಿಲ್ವೇನೋ? ಕುರಿ ತಣ್ಣಗಾಗ್ತಾ ಇದೆ. ಟ್ಯಾಕ್ಸಿ ಹಿಡಿದು ಬಾ. ಓಹೋ, ನಿನ್ನ ಟ್ಯಾಕ್ಸಿ ಮಾರಿದೀಯಲ್ಲಾ! ಯಾರದಾದ್ರೂ ಹಿಡಿ. ಆ ಹುಡುಗೀನ ಇನ್ನಾದ್ರೂ ಮದುವೆ ಮಾಡಿ ಕಳಿಸು."

"ಆಯ್ತಣ್ಣಾ" ಎಂದು ಮೊಹಾ ಫೋನಿಟ್ಟ.

ಮೇಜಿಗೆ ಬಂದು ಕೂತ ಮೇಲೆ ಯಾಮ್ನಾ ಹೇಳಿದಳು, "ಎಂಜಿನ್ ಚೆನ್ನಾಗೇ ಇದೆ."

"ಗೊತ್ತು."

"ಮತ್ತೆ?"

"ಅವನಿಗೇನು ಅರ್ಥ ಆಗುತ್ತೆ ಬಿಡು" ಎಂದ, ಅವಳ ಮುಖ ನೋಡದೆ. ಪುದೀನಾ ಚಾ ಬಂತು. ಅವನು ಕುಡಿಯಲಿಲ್ಲ, ಗ್ಲಾಸನ್ನು ಅಲ್ಲಿಂದಿಲ್ಲಿಗೆ ಸರಿಸಿದ, ಇಲ್ಲಿಂದಲ್ಲಿಗೆ ಸರಿಸಿದ. ಆಮೇಲೆ ಇದ್ದಕ್ಕಿದ್ದಂತೆ ಕೈಚಾಚಿದ. "ನಕ್ಷೆ ಕೊಡಿಲ್ಲಿ. ನಾವು ಎಲ್ಲಿದ್ವಿ ತೋರಿಸು."

ಅವಳು ಮೇಜಿನ ಮೇಲೆ ಹರಡಿ ಗುರ್ರಾಮಾದ ಮೇಲೆ ಬೆರಳಿಟ್ಟಳು. ಅಪ್ಪ ತನ್ನ ದಪ್ಪ ಹೆಬ್ಬೆರಳನ್ನು ಅಲ್ಲಿಟ್ಟು, ನೀಲಿ ಗೆರೆಯ ಗುಂಟ ನಿಧಾನಕ್ಕೆ ಕೆಳಗೆ ಸರಿಸಿಕೊಂಡು ಹೋದ. ನಕ್ಷೆ ಓದಿ ಗೊತ್ತಿಲ್ಲದ ಬೆರಳು ತಿರುವಿಗೊಮ್ಮೆ ನಿಂತು ಹೊರಟಿತು. ಎಲ್ಲಿಯೂ ಸರೋವರ ಇರಲಿಲ್ಲ. ಗಡಿಯ ದಪ್ಪ ತುಂಡುಗೆರೆ ಬಂತು. ಹೆಬ್ಬೆರಳು ಅಲ್ಲಿ ನಿಂತಿತು.

"ಒಂದು ತಿರುವು ಅಂದೆನಲ್ಲ ನಾನು" ಎಂದ.

ಮೊಹಾ ಎದ್ದ. ಜೆಲ್ಲಾಬದ ಮೇಲಿನ ಮಿಠಾಯಿ ಪುಡಿ ಕೊಡವಿಕೊಂಡು ಮತ್ತೆ ಗೂಡಿಗೆ ಹೋದ, ಈ ಸಲ ಬಾಗಿಲು ಎಳೆದುಕೊಂಡ. ಮಾತು ಒಂದೂ ಕೇಳಿಸುತ್ತಿರಲಿಲ್ಲ. ಮೊದಲು ಅವನು ತಲೆ ತಗ್ಗಿಸಿ ಹೇಳುತ್ತಿದ್ದ, ಬೆರಳಿನಿಂದ ತನ್ನ ಎದೆಯನ್ನೇ ಕುಟ್ಟಿಕೊಂಡ. ಆಮೇಲೆ ತಲೆ ಮೇಲೆದ್ದಿತು. ಎಡಗೈಯಲ್ಲಿ ರಿಸೀವರು ಹಿಡಿದು ಬಲಗೈ ಚಾಚಿದ, ಬಲಗಡೆಯ ಗಾಜಿಗೆ ತಾಗುವ ತನಕ ಚಾಚಿ ಅಲ್ಲೇ ತಡೆದು ನಿಲ್ಲಿಸಿದ. ಆಮೇಲೆ ಅಂಗೈಯನ್ನು ಓರೆ ಮಾಡಿ, ಇಡೀ ಗೂಡಿನಗಲಕ್ಕೆ ಎಡಕ್ಕೆ ಬೀಸಿ ಹೊರಳಿಸಿದ. ಆ ಕಡೆಯವನಿಗೆ ತಿಳಿಯಲಿಲ್ಲವೋ ಏನೋ, ಕೈಯನ್ನು ಮತ್ತೆ ಬಲಗಡೆಯ ಗಾಜಿಗೆ ಒಯ್ದು ಮೊದಲಿನಿಂದ ಶುರು ಮಾಡಿದ.